ನಾಲ್ಕು ಸಾಲಿನ ಪರಿಚಯ

"ಏನ್ ಮೇಡಂ, ನಾನ್ ಬರೆಸಿದ್ದು ಬೆಳೆ ಪರಿಹಾರದ ಅರ್ಜಿ. ನೀವು ಅದ್ರ ಜೊತೆ ಆನೆ ಕತೆ ಸೇರ್ಸಿ ಪಿನ್ ಹೊಡ್ದಿದೀರಲ್ಲ!"

ಮೀನಾ ಕಂಪ್ಯೂಟರಿನಿಂದ ತಲೆ ಎತ್ತಿದಳು. ಹುಣಸೂರಿನ ತಾಲ್ಲೂಕು ಕಚೇರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಅವಳದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಬಾಗಿಲಲ್ಲಿ ನಿಂತಿದ್ದವನ ಹೆಸರು ಕನಕರಾಜು. ವೀರನಹೊಸಹಳ್ಳಿ ಪಕ್ಕದ ತನ್ನ ಜೋಳದ ಹೊಲಕ್ಕೆ ಆನೆ ನುಗ್ಗಿದೆ ಅಂತ ಅರಣ್ಯ ಇಲಾಖೆಗೆ ಅವನು ಮೊನ್ನೆ ಅರ್ಜಿ ಬರೆಸಿಕೊಂಡು ಹೋಗಿದ್ದ.

ಅವನು ಚಾಚಿದ ಹಾಳೆ ನೋಡಿ ಮೀನಾಳ ಜೀವ ಬಾಯಿಗೆ ಬಂತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಕದ್ದುಮುಚ್ಚಿ ಬರೆಯುತ್ತಿದ್ದ ಮಕ್ಕಳ ಕತೆಯ ಹಾಳೆ ಅದು. ಪ್ರಿಂಟರಿನ ಬಾಯಲ್ಲಿ ಉಳಿದುಕೊಂಡಿದ್ದನ್ನು ಅರ್ಜಿಯ ಜೊತೆಗೇ ಎತ್ತಿಕೊಟ್ಟಿದ್ದಳು.

"ಆಫೀಸಲ್ಲಿ ಗುಮಾಸ್ತರು ಗಟ್ಟಿಯಾಗಿ ಓದ್ಬುಟ್ರು ಕಣ್ರೀ. ಜೋಳ ತಿಂದ ಮರಿಯಾನೆ ಮಾರನೇ ದಿನ ಕ್ಷಮೆ ಕೇಳಕ್ಕೆ ಹೊಲಕ್ಕೆ ಬಂತು, ಅಂತ. ಆನೆನೇ ಕ್ಷಮೆ ಕೇಳದ್ ಮ್ಯಾಲೆ ನಿಂಗೆ ಪರಿಹಾರ ಯಾಕಪ್ಪ ಅಂದ್ರು ಒಬ್ರು. ಅಲ್ಲಿದ್ದೋರೆಲ್ಲ ಬಿದ್ದು ಬಿದ್ದು ನಕ್ರು."

"ಅಯ್ಯೋ, ತಪ್ಪಾಯ್ತು. ಇನ್ನೊಂದು ಪ್ರಿಂಟ್ ತೆಗೆದುಕೊಡ್ತೀನಿ."

"ಅರ್ಜಿ ಅವ್ರು ಈಸ್ಕಂಡ್ರು, ಬುಡಿ. ಆಮೇಲೇನಾಯ್ತು ಯೋಳಿ."

"ಯಾವುದು?"

"ಮರಿಯಾನೇದು. ಅದು ಬಾಯಿ ತೆಗೆಯೋ ಹೊತ್ಗೆ ರೈತ ಪಟಾಕಿ ಹೊಡ್ದ ಅನ್ನೋ ಕಡೆ ಹಾಳೆ ಮುಗ್ದೋಗದೆ. ಫೋನಲ್ಲಿ ನನ್ ಮಗಳಿಗೆ ಓದ್ದೆ. ಆಮೇಲೆ, ಆಮೇಲೆ ಅಂತ ನನ್ ಪ್ರಾಣ ತಿಂತಾವ್ಳೆ."

ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನೋಡಬಾರದು ಅಂದುಕೊಂಡೇ ಮೀನಾ ಅದನ್ನು ಎರಡು ಸಲ ನೋಡಿದಳು. ಅವನು ಗಮನಿಸಿದ. ಅವಳು ಸುಮ್ಮನೆ ಬಿದ್ದ ಪಿನ್ನನ್ನು ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿದಳು.

ಆ ಶನಿವಾರ ಮಧ್ಯಾಹ್ನ ಅವನು ಮಗಳನ್ನೇ ಕರೆತಂದ. ಅನುಗೆ ಆರು ವರ್ಷ. ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಗಾವಡಗೆರೆಯಲ್ಲಿ ಅಜ್ಜಿ ಚಿಕ್ಕಬೀರಮ್ಮನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ತಲೆ ಬಾಚುವವಳು, ಉಣಿಸುವವಳು, ಪಕ್ಕದಲ್ಲಿ ಮಲಗಿಸಿಕೊಳ್ಳುವವಳು ಚಿಕ್ಕವ್ವ ಸೌಭಾಗ್ಯ, ತೀರಿಹೋದ ತಾಯಿಯ ತಂಗಿ. ಪ್ರತಿ ಶನಿವಾರ ಕನಕರಾಜು ಹೋಗಿ ಮಗಳನ್ನು ಬೈಕಿನಲ್ಲಿ ಊರಿಗೆ ಕರೆತರುತ್ತಿದ್ದ. ದಾರಿಯಲ್ಲಿ ಹುಣಸೂರು ಸಿಗಲೇಬೇಕಲ್ಲ!

ಮೀನಾ ಕತೆಯ ಉಳಿದ ಭಾಗ ಓದಿದಳು. ಮರಿಯಾನೆ ಏಳು ಸಲ ಬರುತ್ತದೆ, ಏಳು ಸಲವೂ ಪಟಾಕಿ ಸದ್ದಿಗೆ ಹೆದರಿ ಓಡುತ್ತದೆ. ಅನು ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

"ಅದು ಯಾಕೆ ಕತ್ಲಲ್ಲೇ ಬತ್ತದೆ ಮೀನಕ್ಕ? ಬೆಳಿಗ್ಗೆ ಬಂದ್ರೆ ಯಾರೂ ಪಟಾಕಿ ಹೊಡೆಯಲ್ಲ."

ಮೀನಾ ಅವಳೆದುರಿಗೇ ಅದನ್ನು ತಿದ್ದಿದಳು. ಮರಿಯಾನೆ ಬೆಳಗ್ಗೆ ಬಂತು, ರೈತನ ಹೆಂಡತಿ ಅಂಗಳ ಗುಡಿಸುತ್ತಿದ್ದಳು, ಅದರ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಅನು ಚಪ್ಪಾಳೆ ಹೊಡೆದಳು. ಕನಕರಾಜು ಮಾತ್ರ ಕತೆ ಕೇಳದೆ ಓದುವವಳ ಬಾಯನ್ನೇ ನೋಡುತ್ತಿದ್ದ.

ಶನಿವಾರಗಳು ಹೀಗೆ ಶುರುವಾದವು. ಮೀನಾ ಶುಕ್ರವಾರವೇ ಕತೆ ಸಿದ್ಧ ಮಾಡುವಳು, ಶನಿವಾರ ಬೆಳಗ್ಗೆ ಎರಡೆರಡು ಸಲ ಕನ್ನಡಿ ನೋಡುವಳು. ಒಂದು ಸಲ ಅವನ ಅಂಗಿಯಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ವಾಸನೆ ಗಮ್ಮೆಂದಿತು. "ಸ್ನಾನ ಮಾಡಿ ಬರಬಾರದಾ?" ಅಂದಳು. ಮುಂದಿನ ವಾರ ಅವನು ಬೈತಲೆ ತೆಗೆದು, ಪೌಡರು ಬಳಿದುಕೊಂಡು ಬಂದ. ಅವಳು ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡಳು.

"ನಗಿ, ನಗಿ. ಬೆಂಕಿ ಮುಂದೆ ರಾತ್ರಿಯೆಲ್ಲ ಕುಂತೋನ ಕಷ್ಟ ನಿಮಗೇನ್ ಗೊತ್ತು."

"ಪೌಡರು ಹಾಕ್ಕೊಳ್ಳೋ ಕಷ್ಟ ಮಾತ್ರ ಕಾಣ್ತಾ ಇದೆ."

ಇಷ್ಟು ಚೆನ್ನಾಗಿ ಮಾತಾಡುವವಳು ಬರೆದದ್ದನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಮೀನಾಳನ್ನು ಪಿರಿಯಾಪಟ್ಟಣದ ಕಡೆ ಕೊಟ್ಟಿದ್ದರು. ಏಳು ವರ್ಷ ಸಂಸಾರ ಮಾಡಿದಳು, ಮಕ್ಕಳಾಗಲಿಲ್ಲ. ಆಸ್ಪತ್ರೆ, ಹರಕೆ ಎಲ್ಲ ಮುಗಿದ ಮೇಲೆ ಗಂಡ ಬೇರೆ ಮದುವೆಯ ಮಾತೆತ್ತಿದ. ಅವಳು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ತವರಿಗೆ ಬಂದಳು. ಒಮ್ಮೆ ಸ್ಥಳೀಯ ಪತ್ರಿಕೆಯೊಂದರಲ್ಲಿ ಅವಳದೊಂದು ಪುಟ್ಟ ಕತೆ ಬಂದಾಗ ಸ್ವಂತ ಅತ್ತಿಗೆಯೇ ನೀರು ಹಿಡಿಯುವ ಕಡೆ ನಿಂತು ನಕ್ಕಿದ್ದಳು. "ಹೆರದೇ ಇರೋಳು ಮಕ್ಕಳ ಕತೆ ಬರೀತಾಳಂತೆ ಕಣಕ್ಕ." ಆ ಮಾತು ಅವಳ ಎದೆಯಲ್ಲಿ ಹಾಗೇ ನಾಟಿಕೊಂಡಿತ್ತು.

ದೀಪಾವಳಿ ಹತ್ತಿರದ ಒಂದು ಶನಿವಾರ ಕನಕರಾಜು ಮೊಬೈಲು ಚಾಚಿದ. ಮಕ್ಕಳ ಪುಸ್ತಕ ಹಾಕುವ ಒಂದು ಪ್ರಕಾಶನದವರ ಪ್ರಕಟಣೆ. ಹತ್ತು ಕತೆಗಳ ಹಸ್ತಪ್ರತಿ, ಜೊತೆಗೆ ನಾಲ್ಕು ಸಾಲಿನಲ್ಲಿ ಲೇಖಕರ ಪರಿಚಯ. ಫೆಬ್ರವರಿ ಕೊನೆಯವರೆಗೆ ಕಳಿಸಬಹುದು.

"ಕಳ್ಸಿ."

"ನಾನಾ? ಸುಮ್ನಿರಿ."

"ನಿಮ್ಮತ್ರ ಹನ್ನೊಂದು ಅವೆ. ಅನು ಲೆಕ್ಕ ಇಟ್ಟವ್ಳೆ."

"ಕತೆ ಇದೆ ಕಣ್ರೀ. ಪರಿಚಯದಲ್ಲಿ ಏನಂತ ಬರೀಲಿ? ಎಲ್ಲ ಲೇಖಕಿಯರೂ ಇಬ್ಬರು ಮಕ್ಕಳ ತಾಯಿ ಅಂತಲೋ, ಮೊಮ್ಮಕ್ಕಳಿಗೆ ಕತೆ ಹೇಳ್ತೀನಿ ಅಂತಲೋ ಹಾಕ್ಕೋತಾರೆ. ನಂಗೇನಿದೆ?"

ಕನಕರಾಜು ಪ್ರಕಟಣೆಯನ್ನು ಮತ್ತೊಮ್ಮೆ ಓದಿದ. "ಮಕ್ಕಳವ್ರಾ ಅಂತ ಅವ್ರು ಕೇಳಿಲ್ಲ. ನೀವ್ಯಾರು ಅಂತ ಕೇಳವ್ರೆ," ಅಂದ. ಮತ್ತೆ ಹೊರಗೆ ಬೈಕಿನ ಮೇಲೆ ಕುಳಿತು ಹಾರನ್ ಒತ್ತುತ್ತಿದ್ದ ಮಗಳ ಕಡೆ ನೋಡಿ, ದನಿ ತಗ್ಗಿಸಿದ. "ನೀವು ಕಳ್ಸಿದ ದಿನ ನಾನ್ ನಿಮ್ಮನ್ನ ಒಂದ್ ಮಾತು ಕೇಳ್ಬೇಕು."

"ಈಗಲೇ ಕೇಳಿ."

"ಊಹೂಂ. ನೀವು ಧೈರ್ಯ ಮಾಡಿ. ಆಮೇಲೆ ನಾನೂ ಮಾಡ್ತೀನಿ."

ಆ ಮಾತು ಯಾವುದು ಅಂತ ಮೀನಾಗೆ ಗೊತ್ತಾಗದೆ ಇರುತ್ತದೆಯೇ? ಅವನು ಹೋದ ಮೇಲೆ ಒಬ್ಬರ ಜಾತಿ ಪ್ರಮಾಣಪತ್ರದ ಅರ್ಜಿಯಲ್ಲಿ ಮೂರು ಕಡೆ ತಪ್ಪು ಹೊಡೆದಳು. ಅವತ್ತೇ ಹತ್ತು ಕತೆ ಆರಿಸಿ ಒಂದು ಫೈಲಿಗೆ ಹಾಕಿದಳು. ಕೊನೆಯಲ್ಲಿ 'ಲೇಖಕಿಯ ಪರಿಚಯ' ಅಂತ ಟೈಪು ಮಾಡಿದಳು. ಅದರ ಕೆಳಗೆ ಕರ್ಸರು ಮಿಣುಕುತ್ತಾ ನಿಂತಿತು.

ನಿಂತದ್ದು ನಿಂತೇ ಇತ್ತು. ಒಂದು ವಾರ ಅಲ್ಪವಿರಾಮ ಸರಿಮಾಡಬೇಕು ಅಂದಳು. ಇನ್ನೊಂದು ವಾರ ನರಿಯ ಕತೆ ಉದ್ದವಾಯಿತು ಅಂದಳು. ಒಮ್ಮೆ ಕರೆಂಟಿಲ್ಲ ಅಂದಳು, ಫ್ಯಾನು ತಲೆಯ ಮೇಲೆ ತಿರುಗುತ್ತಲೇ ಇತ್ತು! ಕನಕರಾಜು ಮೇಲೆ ನೋಡಿದ, ಅವಳ ಮುಖ ನೋಡಿದ, ಮಗಳನ್ನು ಬೈಕು ಹತ್ತಿಸಿದ. ಅವಸರ ಮಾಡಿದರೆ ಎಲ್ಲಿ ಹಿಂದೆ ಸರಿಯುತ್ತಾಳೋ ಅನ್ನುವ ಭಯ ಅವನಿಗೆ. ಕಾಯುತ್ತಾನಲ್ಲ ಅನ್ನುವ ಸಲುಗೆ ಇವಳಿಗೆ. ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿಕೊಂಡಾಗ ಅವನ ಬೆರಳು ಅವಳ ಅಂಗೈಯಲ್ಲಿ ಒಂದು ಗಳಿಗೆ ಹೆಚ್ಚೇ ನಿಂತಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಆಮೇಲೆ ಎರಡು ಶನಿವಾರ ಅಪ್ಪ ಮಗಳು ಬರಲಿಲ್ಲ. ಫೆಬ್ರವರಿಯ ಮೊದಲ ಬುಧವಾರ ಕನಕರಾಜು ಒಬ್ಬನೇ ಬಂದ. ಯಾವಾಗಲೂ ಗಿರಾಕಿಗಳ ಸ್ಟೂಲಿನಲ್ಲಿ ಕುಳಿತುಕೊಳ್ಳುವವನು ಅವತ್ತು ನಿಂತೇ ಇದ್ದ.

"ಅನು ಎಲ್ಲಿ?"

"ಗಾವಡಗೆರೇಲೇ ಅವ್ಳೆ." ಅವನು ಜೆರಾಕ್ಸ್ ಮೆಷಿನ್ನಿನ ಮೇಲೆ ಕೈಯೂರಿದ. "ಸೌಭಾಗ್ಯಂಗೆ ಕೆ.ಆರ್. ನಗರದಿಂದ ಗಂಡು ಬಂದಿತ್ತು. ಒಪ್ನಿಲ್ಲ. ಇದು ನಾಕ್ನೇದು. ಅನೂನ ಬುಟ್ಟು ನಾನೆಲ್ಲೂ ಹೋಗಕ್ಕಿಲ್ಲ ಅಂತ ಕುಂತವ್ಳೆ. ಅತ್ತೆ ನೆಂಟರನ್ನೆಲ್ಲ ಕರ್ಸುದ್ರು. ಅಕ್ಕನ ಮನೆಗೇ ತಂಗೀನೂ ಹೋಗ್ಲಿ, ಕೂಸಿಗೆ ಮಲತಾಯಿ ಬರದು ಬ್ಯಾಡ ಅಂದ್ರು. ನಮ್ ಕಡೆ ಇದು ಹೊಸ್ದೇನಲ್ಲ, ನಿಮಗೂ ಗೊತ್ತು."

ಮೀನಾಗೆ ಗೊತ್ತಿತ್ತು. ಅವಳ ಸೋದರಮಾವನ ಮನೆಯಲ್ಲೇ ಹಾಗೆ ಆಗಿತ್ತು. ತಪ್ಪು ಅನ್ನಲು ಬರುವಂಥದ್ದಲ್ಲ ಅದು.

"ನೀವೇನಂದ್ರಿ?"

"ನಿಂಗೆ ಬೇರೆ ಯಾರಾದ್ರೂ ಮನಸ್ನಲ್ಲಿ ಅವ್ರಾ ಅಂತ ಅತ್ತೆನೇ ಕೇಳುದ್ರು. ಅಷ್ಟು ಜನದ ಮುಂದೆ ಏನಂತ ಯೋಳ್ಲಿ? ನಿಮ್ಮನ್ನ ಕೇಳೇ ಇರ್ನಿಲ್ಲ. ನಿಮ್ ಹೆಸರೆತ್ತಿ, ನಾಳೆ ನೀವು ಆಗಲ್ಲ ಅಂದ್ರೆ? ಸುಮ್ನೆ ನಿಮ್ಮನ್ನ ಜನರ ಬಾಯಿಗೆ ಹಾಕ್ದಂಗಾಯ್ತದೆ ಅಂತ ತಲೆ ತಗ್ಗುಸ್ದೆ. ಅವ್ರು ಅದನ್ನೇ ಒಪ್ಗೆ ಅಂದ್ಕಂಡ್ರು."

ನಾಲ್ಕು ಸಾಲು! ಮೂರು ತಿಂಗಳು ಅವಳು ನಾಲ್ಕು ಸಾಲು ಬರೆಯದೆ ಕೂತಿದ್ದಳು. ಬೇರೆಯವರ ದುಃಖ ದುಮ್ಮಾನವನ್ನೆಲ್ಲ ದಿನಕ್ಕೆ ಇಪ್ಪತ್ತು ಅರ್ಜಿಯಲ್ಲಿ ಚಕಚಕನೆ ಹೊಡೆದು ಕೊಡುವವಳು.

"ಈಗ ಕೇಳಿ," ಅಂದಳು.

"ಈಗ್ಯಾಕೆ ಮೀನಾ."

ಮೇಡಂ ಅನ್ನದೆ, ರೀ ಅನ್ನದೆ, ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಂಗೆ ಬೇಕು. ಕೇಳಿಸಿಕೊಂಡಾದರೂ ಇರ್ತೀನಿ."

ಅವನು ಹೊರಗಿನ ರಸ್ತೆ ನೋಡಿದ. ಎಚ್.ಡಿ. ಕೋಟೆಗೆ ಹೋಗುವ ಬಸ್ಸು ಹಾರನ್ ಹೊಡೆಯುತ್ತಾ ಹೋಯಿತು. ಅದು ತಿರುವು ದಾಟುವವರೆಗೂ ಕಾದ.

"ನನ್ ಮನೇಗೆ ಬತ್ತೀಯಾ ಅಂತ ಕೇಳೋನಿದ್ದೆ. ಅನೂಗೋಸ್ಕರ ಅಲ್ಲ. ಅವ್ಳ ಹೆಸ್ರು ಹೇಳ್ಕಂಡು ವಾರ ವಾರ ಬತ್ತಿದ್ದೋನು ನಾನು."

"ಬರ್ತಿದ್ದೆ," ಅಂದಳು ಮೀನಾ. "ಮರುಮಾತಾಡದೆ ಬರ್ತಿದ್ದೆ."

ಅಷ್ಟೇ. ಎಷ್ಟೋ ಜನ್ಮದ ಮಾತು ಆಡಿದ ಹಾಗೆ ಇಬ್ಬರೂ ಸುಸ್ತಾದರು. ಅವನು ಕಣ್ಣೊರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟ. ಅವಳು ಒಂದು ಲೋಟ ನೀರು ಕೊಟ್ಟಳು. ಅವನು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟ.

"ಇನ್ನೂ ಹಿಂದುಕ್ಕೆ ಸರಿಬೌದು. ನೀನ್ ಒಂದ್ ಮಾತು ಯೋಳು, ಇವತ್ತೇ ಹೋಯ್ತೀನಿ ಗಾವಡಗೆರೆಗೆ."

ಮೀನಾ ಆ ಗಳಿಗೆಯನ್ನು ಎಂದಿಗೂ ಮರೆಯುವುದಿಲ್ಲ. ಬಾಯಿ ತುದಿಯಲ್ಲಿ ಹೋಗು ಅನ್ನುವ ಮಾತಿತ್ತು. ಆದರೆ ಗಾವಡಗೆರೆಯಲ್ಲಿ ಒಬ್ಬಳು ಮೂರು ವರ್ಷ ಮಗುವಿನ ಜ್ವರಕ್ಕೆ ಎದ್ದು ಕೂತಿದ್ದಳು, ನಾಲ್ಕು ಗಂಡುಗಳನ್ನು ವಾಪಸ್ಸು ಕಳಿಸಿದ್ದಳು. ಅವಳೂ ಹೆರದೆಯೇ ತಾಯಿ ಆಗಿದ್ದಳು, ಯಾರೂ ಅವಳನ್ನು ಆಡಿಕೊಂಡಿರಲಿಲ್ಲ ಅಷ್ಟೆ. ಒಪ್ಪಿಗೆಯಾದ ಮೇಲೆ ಬೇಡ ಅನ್ನಿಸಿಕೊಂಡ ಹೆಣ್ಣಿನ ಮುಖ ಹೇಗಿರುತ್ತದೆ ಅಂತ ಮೀನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬೇಡ," ಅಂದಳು. "ನಂಗಾಗಿದ್ದು ಅವಳಿಗಾಗೋದು ಬೇಡ."

ಕನಕರಾಜು ತಲೆಯಾಡಿಸಿದ. ಹೊಸಿಲ ಹತ್ತಿರ ಹೋಗಿ ತಿರುಗಿ ನಿಂತ. "ಲಗ್ನಪತ್ರಿಕೆ ಪಿರಿಯಾಪಟ್ಟಣದಲ್ಲಿ ಪ್ರಿಂಟಿಗೆ ಕೊಟ್ಟಿವ್ನಿ. ಹತ್ರದ್ ಅಂಗ್ಡಿ ಬುಟ್ಟು ಅಷ್ಟ್ ದೂರ ಯಾಕೆ ಅಂತ ಮನೇಲಿ ಬೈದ್ರು. ನಿನ್ ಕೈಲಿ ಅದನ್ನ ಮಾಡ್ಸಕ್ಕೆ ನನ್ಗಾಗ್ನಿಲ್ಲ."

"ಒಳ್ಳೇದಾಯ್ತು."

"ಪುಸ್ತಕ ಮಾತ್ರ ಕಳ್ಸು. ನಂಗೋಸ್ಕರ ಅಂತ ನಿಲ್ಲಿಸ್ಬ್ಯಾಡ. ಇಷ್ಟು ಚಂದಾಗಿ ಬರ್ದಿದ್ದು ಕಂಪ್ಯೂಟ್ರಲ್ಲಿ ಕೊಳೀಬಾರ್ದು ಕಣ."

ಬೈಕು ಸ್ಟಾರ್ಟ್ ಆಗಲು ಮೂರು ಸಲ ಒದೆಯಬೇಕಾಯಿತು. ಮೂರನೆಯ ಸಲ ಅದು ಹತ್ತದೆ ಹೋಗಲಿ ಅಂತ ಅವಳು ಬೇಡಿಕೊಂಡಳು. ಹತ್ತಿತು, ಅವನು ಹೋದ.

ಆಮೇಲಿನ ದಿನಗಳನ್ನು ಮೀನಾ ಹೇಗೋ ನೂಕಿದಳು. ಶನಿವಾರ ಮಧ್ಯಾಹ್ನ ಮಾತ್ರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತಳು. ಯಾರಾದರೂ ಕೇಳಿದರೆ ಕಣ್ಣಿಗೆ ಟೋನರ್ ಪುಡಿ ಬಿತ್ತು ಅಂದಳು. ಫೈಲನ್ನು ಅಳಿಸಿಬಿಡೋಣ ಅಂತ ಎರಡು ಸಲ ಹೋಗಿ ವಾಪಸ್ಸು ಬಂದಳು.

ಮದುವೆ ಫೆಬ್ರವರಿ ಕೊನೆಯ ಭಾನುವಾರ. ಭಾನುವಾರ ಅಂಗಡಿ ರಜೆ. ಆದರೂ ಮನೆಯಲ್ಲಿ ಕೂರಲಾಗದೆ ಮೀನಾ ಹತ್ತು ಗಂಟೆಗೆ ಬಂದು ಬಾಗಿಲು ತೆಗೆದಳು. ಕತೆಗಳನ್ನು ಮೊದಲಿನಿಂದ ಓದಿದಳು. ಮರಿಯಾನೆಯ ಕತೆಗೆ ಬಂದಾಗ ನಿಂತಳು. ಇದನ್ನು ಬರೆದವಳಿಗೆ ಮಕ್ಕಳ ಮನಸ್ಸು ಗೊತ್ತಿಲ್ಲ ಅಂತ ಯಾರು ಹೇಳುತ್ತಾರೆ, ಹೇಳಲಿ ನೋಡೋಣ ಅನ್ನಿಸಿತು. ಅತ್ತಿಗೆ ನಕ್ಕರೆ ನಗಲಿ. ಕಳೆದುಕೊಳ್ಳಲು ಹೆದರಿ ಬಚ್ಚಿಟ್ಟುಕೊಂಡಿದ್ದಳು, ಬಚ್ಚಿಟ್ಟದ್ದಕ್ಕೇ ಕಳೆದುಕೊಂಡಳು. ಇನ್ನು ಹೆದರಿಕೆಗೆ ಕೊಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಟೈಪು ಮಾಡಿದಳು.

"ನನ್ನ ಹೆಸರು ಮೀನಾ. ಹುಣಸೂರಿನಲ್ಲಿ ಟೈಪಿಂಗ್ ಅಂಗಡಿ ನಡೆಸುತ್ತೇನೆ. ನನಗೆ ಮಕ್ಕಳಿಲ್ಲ. ಈ ಹತ್ತು ಕತೆಗಳನ್ನೂ ಅನು ಎಂಬ ಆರು ವರ್ಷದ ಹುಡುಗಿಗೆ ಓದಿ ಹೇಳಿದ್ದೇನೆ, ಅವಳು ಒಪ್ಪದ ಕಡೆಯೆಲ್ಲ ತಿದ್ದಿದ್ದೇನೆ."

ಒಂದು ಅಕ್ಷರ ಬದಲಿಸಲಿಲ್ಲ. ಮೇಲ್ ಮಾಡಿ ಕಳಿಸಿದಳು. ಕಳಿಸಲಾಗಿದೆ ಅಂತ ಪರದೆಯ ಮೇಲೆ ಬಂತು. ಬರೆದು ಕಳಿಸುವುದಕ್ಕೆ ಕಾಲು ಗಂಟೆಯೂ ಹಿಡಿದಿರಲಿಲ್ಲ.

ಕೈ ತನ್ನಷ್ಟಕ್ಕೆ ಮೊಬೈಲಿಗೆ ಹೋಯಿತು. ಅವನ ಹೆಸರು ತೆಗೆದು 'ಕಳಿಸಿದೆ' ಅಂತ ಬರೆದಳು. ಗಡಿಯಾರ ನೋಡಿದಳು. ಗಾವಡಗೆರೆಯಲ್ಲಿ ಈಗ ಧಾರೆಯ ಹೊತ್ತು. ಸೌಭಾಗ್ಯ ತಲೆ ತಗ್ಗಿಸಿ ನಿಂತಿರುತ್ತಾಳೆ, ಅನು ಹೊಸ ಲಂಗ ಉಟ್ಟು ಇಬ್ಬರ ನಡುವೆ ನುಸುಳುತ್ತಿರುತ್ತಾಳೆ. ಅವನ ಜೇಬಿನಲ್ಲಿ ಮೊಬೈಲು ಗುಯ್‌ಗುಟ್ಟಿದರೆ ಅವನು ತೆಗೆದು ನೋಡಿಯೇ ನೋಡುತ್ತಾನೆ. ನೋಡಿದರೆ ಆ ಎಡಗೆನ್ನೆ ನಗುತ್ತದೆ.

ಮೀನಾ ಆ ಒಂದು ಪದವನ್ನು ಅಳಿಸಿದಳು. ಅವತ್ತು ಒಂದು ದಿನವಾದರೂ ಅವನ ಸಂತೋಷ ತನ್ನಿಂದ ಬರಬಾರದು, ಪಕ್ಕದಲ್ಲಿ ನಿಂತವಳಿಂದ ಬರಬೇಕು.