ಬೇವಿನ ಮರದ ಬಳಿ ನಿಲ್ಲುತ್ತಿದ್ದ ಸೈಕಲ್

ಕ್ವಾರಿಯ ನೀರಿನಿಂದ ಮೊದಲು ಸೈಕಲ್ ಮೇಲೆ ಬಂತು. ಹೆಣ ಆಮೇಲೆ.

ಕಲ್ಕೋಡಿಯ ಜನಕ್ಕೆ ಆ ಕ್ರಮದಲ್ಲಿ ತಪ್ಪೇನೂ ಕಾಣಲಿಲ್ಲ. ಸೈಕಲ್ ಕಂಪನಿಯದು, ಬೆಲೆ ಬಾಳುವಂಥದ್ದು. ಹೆಣ ಕೇರಿಯ ಶ್ರೀಧರನದು.

ಸೂಲಿಬೆಲೆಯಿಂದ ಒಳಕ್ಕೆ ಹೋದರೆ ಕಲ್ಕೋಡಿ. ಊರು ದಾಟಿದರೆ ಒಂದು ಏರು. ಏರಿನ ಪಕ್ಕದಲ್ಲೇ ಕಲ್ಲು ತೆಗೆದು ಬಿಟ್ಟ ಹೊಂಡ. 1998ರ ಬೇಸಿಗೆ. ಹೊಂಡದ ನೀರು ಹಸಿರುಗಟ್ಟಿತ್ತು.

ಶ್ರೀಧರನಿಗೆ ಎಡಗಾಲು ಪೋಲಿಯೋ. ಡೈರಿಯ ಪರವಾಗಿ ಮನೆಮನೆಗೆ ಹೋಗಿ ಬೆದೆಗೆ ಬಂದ ಹಸುಗಳಿಗೆ ವೀರ್ಯದ ಇಂಜೆಕ್ಷನ್ ಕೊಡುವುದು ಅವನ ಕೆಲಸ. ಸುತ್ತಿನ ಹಳ್ಳಿಗಳಲ್ಲಿ ಅವನ ಕೈ ಮುಟ್ಟದೆ ಹುಟ್ಟಿದ ಕರು ಕಡಿಮೆ. ಹೊಸಕೋಟೆಯ ಒಂದು ಸಣ್ಣ ಕಂಪನಿ ಬ್ಯಾಟರಿ ಸೈಕಲ್ ಮಾಡಿ, ಓಡಿಸಿ ನೋಡಲಿಕ್ಕೆ ಕೆಲವರಿಗೆ ಕೊಟ್ಟಿತ್ತು. ಕುಂಟುಗಾಲಿನವನು, ದಿನಾ ಊರೂರು ತಿರುಗುವವನು ಅಂತ ಇವನಿಗೂ ಒಂದು ಸಿಕ್ಕಿತ್ತು.

ಸಬ್ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪ ಹೆಣದ ಮೈಮೇಲೆ ಇದ್ದದ್ದನ್ನು ಬಿಚ್ಚಿಸಿ ಒಂದು ಕವರಿಗೆ ಹಾಕಿಸಿದ. ವಾಚು. ಜೇಬಿನ ಚಿಲ್ಲರೆ. ಕತ್ತಿನ ಕಪ್ಪು ದಾರ. ತಲೆಯ ಹಿಂಭಾಗ ಒಡೆದಿತ್ತು.

ಕಂಡವನು ಬೈರೇಶ, ದೊಡ್ಡಮನೆ ಗಂಗಣ್ಣನ ಮಗ. ಹಿಂದಿನ ಸಂಜೆ ಕೂಗಿಕೊಂಡು ಜನ ಸೇರಿಸಿದವನೂ ಅವನೇ.

"ಹಿಪ್ಪುನೇರಳೆ ತೋಟದಲ್ಲಿದ್ದೆ ಸಾರ್. ಏರು ಹತ್ತುವಾಗ ಮೋಟರ್ ಕೈಕೊಡ್ತು. ಯಾವಾಗ್ಲೂ ಕೈಕೊಡೋದೇ, ಊರನ್ನೇ ಕೇಳಿ. ಸೈಕಲ್ಲು ಹಿಂದಕ್ಕೆ ಜಾರ್ತು. ಕುಂಟ, ಹೆಂಗೆ ಹಿಡ್ಕೊಂಡಾನು?"

ಊರನ್ನು ಕೇಳಿದರು. ಊರು ಹೌದು ಅಂತು.

\*

ಕಂಪನಿಯಿಂದ ಬಂದವಳು ಅಕ್ಷತ. ದೊಡ್ಡಬಳ್ಳಾಪುರದವಳು, ಎಂಜಿನಿಯರು. ಪ್ರಯೋಗಕ್ಕೆ ಕೊಟ್ಟ ಸೈಕಲ್‌ಗಳ ರಿಪೇರಿ ಅವಳದೇ. ವೆಂಕಟರಾಯಪ್ಪ ಅವಳಿಗೆ ಕುರ್ಚಿ ಕೊಟ್ಟ, ಟೀ ತರಿಸಿದ, ಆಮೇಲೆ ಹೇಳಿದ:

"ಕೊಲೆ ಅಲ್ಲಮ್ಮ, ಅಜಾಗರೂಕತೆ. ಕೆಟ್ಟ ಮೋಟರ್ ಅಂತ ಗೊತ್ತಿದ್ದೂ ಓಡಿಸೋಕೆ ಕೊಟ್ಟಿದ್ದೀರಿ. ಕೊನೇಲಿ ಸರಿ ಇದೆ ಅಂತ ಹೇಳಿದ್ದು ನೀವೇ ಅಂತೆ?"

ಅವಳೇ. ಹೋದ ವಾರ, ಟೀ ಅಂಗಡಿಯ ಮುಂದೆ, ಊರಿಗೆಲ್ಲ ಕೇಳುವ ಹಾಗೆ.

ಮೋಟರು ಕೊಂದಿದ್ದರೆ ಕೊಂದವಳು ತಾನು. ಇದನ್ನು ಅವಳಿಗೆ ಯಾವ ಪೊಲೀಸನೂ ಬಿಡಿಸಿ ಹೇಳಬೇಕಿರಲಿಲ್ಲ.

ಠಾಣೆಯ ಹಿಂದಿನ ಶೆಡ್ಡಿನಲ್ಲಿ, ಪೇದೆಯೊಬ್ಬನ ಎದುರು ಸೈಕಲ್ ಬಿಚ್ಚಿದಳು. ಆ ದೋಷದ ಬೆನ್ನು ಹತ್ತಿ ಅವಳಿಗೆ ಸಾಕಾಗಿಹೋಗಿತ್ತು. ಪೆಡಲ್ ತುಳಿದರೆ ಮೋಟರ್ ಜೊತೆಗೆ ತಳ್ಳಬೇಕು, ಬ್ರೇಕ್ ಹಿಡಿದರೆ ಬಿಡಬೇಕು. ಇಷ್ಟೇ ಅದರ ಧರ್ಮ. ಕಲ್ಕೋಡಿಯಲ್ಲಿ ಮಾತ್ರ ಸುಮ್ಮಸುಮ್ಮನೆ ನಿಲ್ಲುತ್ತದೆ ಅಂತ ದೂರು. ದೂರು ಕೊಟ್ಟವನು ಶ್ರೀಧರನಲ್ಲ, ಟೀ ಅಂಗಡಿಯ ಪಡ್ಡೆಗಳು. ಕರೆಂಟ್ ಸೈಕಲ್ ಅಲ್ಲ ಮೇಡಂ, ತಳ್ಳೋ ಸೈಕಲ್ ಅಂತ ನಗುತ್ತಿದ್ದರು. ಶ್ರೀಧರನನ್ನು ಕೇಳಿದರೆ ನೆಲ ನೋಡುತ್ತ, "ಹೌದು ಮೇಡಂ, ಬೇವಿನಮರದ ಹತ್ರ. ಒಂದೊಂದ್ಸಲ" ಎಂದಿದ್ದ.

ಅವಳು ಬ್ಯಾಟರಿ ಬದಲಿಸಿದ್ದಳು. ವೈರಿನ ಕೀಲುಗಳನ್ನೆಲ್ಲ ಬಿಚ್ಚಿ ಉಜ್ಜಿದ್ದಳು. ಬ್ರೇಕಿನೊಳಗಿನ ಸ್ವಿಚ್ಚು ಅಂಟಿಕೊಂಡರೆ ಹೀಗಾಗಬಹುದು ಅಂತ ಅದನ್ನೂ ಹೊಸದು ಹಾಕಿದ್ದಳು. ದೋಷ ಹೋಗಲಿಲ್ಲ. ಅವಳು ಓಡಿಸಿದಾಗ ಒಮ್ಮೆಯೂ ಬರಲೂ ಇಲ್ಲ.

ಈಗ ನೀರು ಬಸಿದು, ಒಣಗಿಸಿ, ಬೇರೆ ಬ್ಯಾಟರಿಯನ್ನು ಮೋಟರಿಗೆ ನೇರವಾಗಿ ಜೋಡಿಸಿದಳು. ಚಕ್ರ ಗಿರ್ರನೆ ತಿರುಗಿತು.

"ತಿರುಗ್ತದಲ್ಲ ಮೇಡಂ" ಎಂದ ಪೇದೆ, ಬೇಸರದಿಂದ.

ಅವಳು ಚಕ್ರವನ್ನೇ ನೋಡುತ್ತ ಕೂತಳು. ಮೋಟರಿಗೆ ಕಷ್ಟ ಏರಿನಲ್ಲಿ. ಸೋಲುವುದಿದ್ದರೆ ಅಲ್ಲಿ ಸೋಲಬೇಕು. ಕ್ವಾರಿಯ ಏರಿನಲ್ಲಿ ಈ ಸೈಕಲ್ ನಿಂತಿತು ಅಂತ ಬೈರೇಶನಿಗಿಂತ ಮೊದಲು ಯಾರೂ ಹೇಳಿದ್ದಿಲ್ಲ. ನಿಲ್ಲುತ್ತಿದ್ದದ್ದು ಬೇವಿನ ಮರದ ಬಳಿ. ಅಲ್ಲಿ ರಸ್ತೆ ಅಂಗೈ ಹಾಗೆ ಸಮ.

ಕೀಲಿ ಹಾಕುವ ತೂತು ಖಾಲಿಯಿತ್ತು. ನೀರಿಗೆ ಬಿದ್ದಿರಬೇಕು ಅಂದುಕೊಂಡಳು.

\*

ವೆಂಕಟರಾಯಪ್ಪನಿಗೂ ಒಂದು ಅನುಮಾನ ಇತ್ತು. ಆದಿನಾರಾಯಣಪ್ಪ ಅಂತ ಒಬ್ಬ ಖಾಸಗಿ ದನದ ಡಾಕ್ಟರು. ಓದಿದ್ದು ಕಡಿಮೆ, ಸೂಜಿ ಚುಚ್ಚಿದ್ದು ಜಾಸ್ತಿ. ಶ್ರೀಧರನಿಗೆ ಬ್ಯಾಟರಿ ಸೈಕಲ್ ಬಂದ ಮೇಲೆ ಇವನ ಗಿರಾಕಿಗಳು ಕರಗಿದ್ದರು. ಆ ಕುಂಟನ ಚಕ್ರ ಒಂದಿನ ಕಳಚ್ತೀನಿ ಅಂತ ಸಂತೆಯಲ್ಲಿ ಕೂಗಾಡಿದ್ದನಂತೆ.

ಕರೆಸಿದರು. ಆವತ್ತಿಡೀ ಜಡಿಗೇನಹಳ್ಳಿಯಲ್ಲಿ ಅಡ್ಡ ಸಿಕ್ಕಿಕೊಂಡ ಕರು ಎಳೆಯುತ್ತಿದ್ದನಂತೆ. ಸುತ್ತ ಅರ್ಧ ಊರೇ ನಿಂತಿತ್ತು.

"ಬಾಯಿ ಕೆಟ್ಟದ್ದು ಸಾರ್ ನಂದು" ಎಂದ. "ಆದ್ರೆ ಒಂದ್ಮಾತು. ದೊಡ್ಡಮನೆ ಗಂಗಣ್ಣೋರ ಕೊಟ್ಟಿಗೇಗೆ ನನ್ನ ಬಿಟ್ಟು ಅವನನ್ನ ಕರೀತಿದ್ರು. ಮುಂಬಾಗಲಲ್ಲಿ ಅಲ್ಲ, ಹಿತ್ತಿಲಿಂದ. ಹಸುವಿಗೆ ಜಾತಿ ತಿಳೀದಲ್ಲ."

ನಕ್ಕ. ಯಾರೂ ನಗಲಿಲ್ಲ. ಅವನನ್ನು ಬಿಟ್ಟು ಕಳಿಸಿದರು.

\*

ಅಕ್ಷತ ಕಲ್ಕೋಡಿಗೆ ಹೋದದ್ದು ಶ್ರೀಧರನ ತಾಯಿ ಮುನಿಗಂಗಮ್ಮನನ್ನು ಕಾಣಲಿಕ್ಕೆ. ಬಸ್ಸು ಇಳಿಯುವಾಗಲೇ ಮುದುಕಿ ಎದುರಾದಳು. ಸೊಸೈಟಿಯಿಂದ ಸೀಮೆಎಣ್ಣೆ ತರುತ್ತಿದ್ದಳು. ಇಬ್ಬರೂ ಕೇರಿಯ ಕಡೆ ಹೆಜ್ಜೆ ಹಾಕಿದರು. ದಾರಿ ಊರೊಳಗಿಂದ.

ಬೇವಿನ ಮರ ಬಂತು. ಮರದ ಎದುರಿಗೆ ದೊಡ್ಡಮನೆ. ಜಗಲಿಯ ಮೇಲೆ ಊರಗೌಡ ಗಂಗಣ್ಣ, ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ಮುನಿಗಂಗಮ್ಮ ಮಾತು ನಿಲ್ಲಿಸಲಿಲ್ಲ, ಆ ಕಡೆ ತಿರುಗಿ ನೋಡಲೂ ಇಲ್ಲ. ಬಗ್ಗಿ ಚಪ್ಪಲಿ ಬಿಚ್ಚಿ ಕೈಗೆ ತಗೊಂಡಳು. ದೊಡ್ಡಮನೆಯ ಗೋಡೆ ಮುಗಿಯಿತು. ಮತ್ತೆ ಮೆಟ್ಟಿಕೊಂಡಳು.

ಚಪ್ಪಲಿಯ ಉಂಗುಟ ಕಿತ್ತಿರಬೇಕು ಅಂದುಕೊಂಡಳು ಅಕ್ಷತ.

ಮನೆಯಲ್ಲಿ ಮುದುಕಿ ಹೆಚ್ಚು ಮಾತಾಡಲಿಲ್ಲ. ಮಗ ಬೆಳಿಗ್ಗೆ ಮುದ್ದೆ ಉಂಡು ಹೋದ ಅಂದಳು. ಕಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿ ತೋರಿಸಿದಳು. ಆ ಸೈಕಲ್ಲಿನ ಭಾರ ಅಷ್ಟಿಷ್ಟಲ್ಲ, ತಳ್ಳಿಕೊಂಡು ಬಂದ ದಿನ ಸೊಂಟಕ್ಕೆ ಬಿಸಿನೀರು ಹಾಕುತ್ತಿದ್ದೆ ಅಂದಳು. ಬೇರೆ ಏನು ಕೇಳಿದರೂ ಗೋಡೆ ನೋಡಿದಳು.

ಮಧ್ಯಾಹ್ನ ಬಸ್ಸಿಗೆ ಬಿಡಲು ಜೊತೆಗೇ ಬಂದಳು. ಜಗಲಿ ಖಾಲಿಯಿತ್ತು. ಮುನಿಗಂಗಮ್ಮ ಚಪ್ಪಲಿ ಮೆಟ್ಟಿಕೊಂಡೇ ಪಟಪಟ ನಡೆದಳು.

ಅಕ್ಷತ ಮರದ ಕೆಳಗೆ ನಿಂತುಬಿಟ್ಟಳು.

ಬೇವಿನ ಮರದ ಹತ್ರ. ಒಂದೊಂದ್ಸಲ.

ಎಷ್ಟು ಸ್ವಿಚ್ಚು ಬದಲಿಸಿದ್ದಳು. ದೋಷ ಸೈಕಲ್ಲಿನಲ್ಲಿ ಇರಲೇ ಇಲ್ಲ. ಜಗಲಿಯ ಮೇಲೆ ಕೂರುತ್ತಿತ್ತು, ಎದ್ದು ಹೋಗುತ್ತಿತ್ತು.

"ಅಮ್ಮ, ಗೌಡರು ಕೂತಿದ್ದರೆ ಶ್ರೀಧರ ಇಳಿದು ತಳ್ಳಬೇಕಿತ್ತಾ?"

ಮುದುಕಿ ಸುತ್ತ ನೋಡಿದಳು.

"ಎಲ್ರೂ ಇಳೀತಾರೆ. ಅವರಪ್ಪನೂ ಇಳೀತಿದ್ದ. ನಿನ್ನ ಮುಂದೆ ಹಂಗಂತ ಹೇಳಕ್ಕೆ ಅವನಿಗೆ ನಾಚಿಕೆ. ಮಿಷನ್ ಕೆಟ್ಟೈತೆ ಅಂದ್ರೆ ಮಾನ ಉಳೀತದೆ ಅಂತಿದ್ದ."

"ಆಮೇಲೆ?"

"ನೀನು ಊರೆಲ್ಲ ಕೇಳೋ ಹಂಗೆ ಅಂದ್ಬಿಟ್ಟೆ, ಕೆಟ್ಟಿಲ್ಲ, ಇನ್ನು ನಿಲ್ಲಲ್ಲ ಅಂತ. ಇನ್ನು ಯಾವ ಮುಖ ಇಟ್ಕೊಂಡು ತಳ್ಳಲಿ ಕಣವ್ವ ಅಂದ. ಆವತ್ತಿಂದ ಇಳೀಲಿಲ್ಲ."

\*

ವೆಂಕಟರಾಯಪ್ಪ ಎಲ್ಲ ಕೇಳಿ ಮೀಸೆ ಸವರಿಕೊಂಡ. ಇಳೀದೇ ಹೋದದ್ದಕ್ಕೆ ಕೊಂದರು ಅನ್ನಲಿಕ್ಕೆ ಕೋರ್ಟು ಒಪ್ಪಬೇಕಲ್ಲ ಅಂದ. ಅವರು ಓಟಿನ ಜನ ಅಂತಲೂ ಗೊಣಗಿದ. ಅಕ್ಷತಳಿಗೆ ಕೀಲಿಯ ಖಾಲಿ ತೂತು ನೆನಪಾಯಿತು. ಹೆಣದ ಮೈಮೇಲೆ ಸಿಕ್ಕಿದ್ದನ್ನು ತೋರಿಸಿ ಅಂದಳು.

ವಾಚು. ಚಿಲ್ಲರೆ. ಕಪ್ಪು ದಾರ. ದಾರದ ತುದಿಗೆ ತಾಯಿತ ಅಂತ ಎಲ್ಲರೂ ತಿಳಿದಿದ್ದರು. ಅದು ಕೀಲಿ. ಸೈಕಲ್ಲಿನ ಕೀಲಿ.

ವೆಂಕಟರಾಯಪ್ಪ ಅದನ್ನು ತಿರುವಿ ತಿರುವಿ ನೋಡಿದ. ಟೋಪಿ ಎತ್ತಿಕೊಂಡ.

"ಜೀಪ್ ತೆಗಿ" ಎಂದ.

\*

ಗಂಗಣ್ಣ ಜಗಲಿಯ ಮೇಲಿದ್ದ. ಬೈರೇಶ ಕಂಬಕ್ಕೆ ಒರಗಿದ್ದ. ಜೀಪು ನೋಡಿ ಜನ ಸೇರಿದರು. ಮುನಿಗಂಗಮ್ಮನೂ ಬಂದಳು, ಬೀದಿಯ ಆಚೆ ಬದಿಯಲ್ಲಿ ನಿಂತಳು, ಬರಿಗಾಲಲ್ಲಿ.

ವೆಂಕಟರಾಯಪ್ಪನ ದನಿ ಬಲು ಮೆತ್ತಗಿತ್ತು. "ಏನಪ್ಪಾ ಬೈರೇಶ, ಕೇಸು ಮುಗಿಸಬೇಕು. ಇನ್ನೊಂದ್ಸಲ ಹೇಳಿಬಿಡು. ಮೋಟರ್ ನಿಂತಾಗ ಅವನು ಸೀಟಿನ ಮೇಲಿದ್ನಾ?"

"ಹೂಂ ಸಾರ್. ತುಳೀತಾ ಇದ್ದ."

"ಇಳಿದ್ನಾ?"

"ಎಲ್ಲಿ ಇಳೀತಾನೆ. ಹಂಗೇ ಹಿಂದಕ್ಕೆ ಜಾರ್ತು."

"ಕೀಲಿ ಕಿತ್ಕೊಂಡ್ನಾ?"

ಬೈರೇಶ ನಕ್ಕ. "ಸಾಯೋನು ಕೀಲಿ ಕೀಳ್ತಾನಾ ಸಾರ್? ಕಣ್ಣು ಮುಚ್ಚಿ ಬಿಡೋದ್ರೊಳಗೆ ನೀರಲ್ಲಿದ್ದ."

ವೆಂಕಟರಾಯಪ್ಪ ದಾರವನ್ನು ಎತ್ತಿ ಹಿಡಿದ. ಕೀಲಿ ಬಿಸಿಲಲ್ಲಿ ತೂಗಾಡಿತು.

"ಹಂಗಾದ್ರೆ ಇದು ಹೆಣದ ಕತ್ತಲ್ಲಿ, ಅಂಗಿ ಒಳಗೆ ಹೆಂಗೆ ಬಂತು?"

ಅಕ್ಷತ ಮುಂದೆ ಬಂದು ಬಿಡಿಸಿ ಹೇಳಿದಳು. ಈ ಕೀಲಿ ಕಿತ್ತರೆ ಮೋಟರಿಗೆ ಕರೆಂಟ್ ಇಲ್ಲ. ಓಡುತ್ತಿದ್ದ ಸೈಕಲ್ ನಿಂತು ಜಾರಿದ್ದರೆ ಕೀಲಿ ಅದರ ತೂತಿನಲ್ಲಿರಬೇಕಿತ್ತು. ಶ್ರೀಧರ ಕೀಲಿ ಕಿತ್ತು ಕತ್ತಿಗೆ ಹಾಕಿಕೊಳ್ಳುತ್ತಿದ್ದದ್ದು ಸೈಕಲ್ ಒಂದು ಕಡೆ ನಿಲ್ಲಿಸಿ ಒಳಗೆ ಹೋಗುವಾಗ. ಅವನು ಒಳಗೆ ಹೋಗುತ್ತಿದ್ದದ್ದು ಒಂದೇ ಜಾಗಕ್ಕೆ: ಕೊಟ್ಟಿಗೆಗೆ. ಮೋಟರು ಏರಿನಲ್ಲಿ ನಿಂತದ್ದೇ ಇಲ್ಲ. ಅದು ನಿಲ್ಲುತ್ತಿದ್ದದ್ದು ಇಲ್ಲಿ, ಈ ಮರದ ಕೆಳಗೆ, ನಿಲ್ಲಿಸುತ್ತಿದ್ದವನು ಅವನೇ. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನನಗೆ, ಪೊಲೀಸರಿಗೆ. ಆ ಸುಳ್ಳನ್ನು ಅವನು ಮಾನ ಮುಚ್ಚಿಕೊಳ್ಳಲು ಹೇಳಿದ. ಬೈರೇಶ ಅದೇ ಸುಳ್ಳನ್ನು ಹೆಣ ಮುಚ್ಚಲು ತಗೊಂಡ.

"ಈ ಮನೆ ಕೊಟ್ಟಿಗೇಗೆ ಅವನನ್ನ ಹಿತ್ತಿಲಿಂದ ಕರೀತಿದ್ರಂತಲ್ಲ. ಆ ತಿಪ್ಪೆ ಕೆದಕ್ರೋ" ಎಂದ ವೆಂಕಟರಾಯಪ್ಪ.

ಹಿತ್ತಿಲ ತಿಪ್ಪೆಯಲ್ಲಿ ಪೇದೆಗಳು ಬಹಳ ಕಷ್ಟಪಡಬೇಕಾಗಲಿಲ್ಲ. ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು, ದನದೊಳಗೆ ಕೈಯಿಡುವಾಗ ಹಾಕಿಕೊಳ್ಳುವಂಥದ್ದು. ಸುರುಳಿ ಸುತ್ತಿ ಹೂತಿದ್ದರು. ಭುಜದ ಕಡೆಗೆ ರಕ್ತ ಒಣಗಿ ಕಪ್ಪಾಗಿತ್ತು. ಅದರ ಅಡಿಯಲ್ಲಿ ಮುರಿದ ನೊಗದ ತುಂಡು.

ಬೈರೇಶ ಓಡಲಿಲ್ಲ. ತಪ್ಪು ಮಾಡಿದವರು ಓಡುತ್ತಾರೆ. ಅವನಿಗೆ ತಪ್ಪು ಅಂತ ಅನ್ನಿಸಿರಲೇ ಇಲ್ಲ. ಸಂತೆಯ ಲೆಕ್ಕ ಒಪ್ಪಿಸುವವನ ಹಾಗೆ ಒಪ್ಪಿಸಿದ. ಅಪ್ಪ ಕೂತಿರೋ ಹಂಗೆಯೇ ಸುಂಯ್ ಅಂತ ಹೋದ, ಒಂದಿನ ಅಲ್ಲ, ದಿನಾ. ಹಸು ಬೆದೆಗೆ ಬಂದೈತೆ ಅಂತ ಕರೆಸಿದೆ. ಹಿತ್ತಿಲಲ್ಲಿ ಸೈಕಲ್ ನಿಲ್ಲಿಸಿ ಬಂದ.

"ಕೈ ಒಳಗಿದ್ದಾಗಲೇ ಹೊಡೆದೆಯಾ?" ಎಂದ ವೆಂಕಟರಾಯಪ್ಪ.

"ಇಲ್ಲ ಸಾರ್." ಬೈರೇಶನಿಗೆ ಆ ಪ್ರಶ್ನೆಯೇ ದಡ್ಡತನದ್ದು ಅನ್ನಿಸಿತು. "ಕೆಲಸ ಮುಗಿಸ್ಲಿ ಅಂತ ಕಾದೆ. ಬೆದೆ ತಪ್ಪಿದ್ರೆ ಹಸು ಬರಡು ಬೀಳ್ತದೆ."

ಅವನೂ ಆಳೊಬ್ಬನೂ ಹೆಣವನ್ನು, ಸೈಕಲ್ಲನ್ನು ಎತ್ತಿನಗಾಡಿಯಲ್ಲಿ ಹುಲ್ಲಿನಡಿ ಸಾಗಿಸಿದ್ದರು. ಆಳನ್ನೂ ಹಿಡಿದರು. ಅಪ್ಪನಿಗೆ ಏನೂ ಗೊತ್ತಿಲ್ಲ ಅಂದ ಬೈರೇಶ. ಕೊಲೆಯ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಗಂಗಣ್ಣ ಮಗನಿಗೆ ಅಂದದ್ದು ಇಷ್ಟೇ: ಊರಲ್ಲಿ ನಾನು ಸತ್ತಿದೀನಾ? ಆ ಮಾತಿಗೆ ಸಾಕ್ಷಿ ಹೇಳುವ ಬಾಯಿ ಕಲ್ಕೋಡಿಯಲ್ಲಿ ಇರಲಿಲ್ಲ. ಕೇಳಿದ ಮಗನೂ ಠಾಣೆಯಲ್ಲಿ ಬರೆಸುವಾಗ ಅದನ್ನು ನುಂಗಿಕೊಂಡ.

\*

ಜೀಪು ಹೋಯಿತು. ಜನ ಚದುರಿದರು. ಟೀ ಅಂಗಡಿಯವನು ಒಲೆ ಊದಿದ.

ಗಂಗಣ್ಣ ಜಗಲಿಯಿಂದ ಎದ್ದಿರಲಿಲ್ಲ.

ಮೋಟರು ಕೊಂದಿರಲಿಲ್ಲ. ಅಕ್ಷತಳಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ತಿಳಿಯಲಿಲ್ಲ. ಮುನಿಗಂಗಮ್ಮ ತನ್ನ ಚಪ್ಪಲಿಗಳನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು. ಅಕ್ಷತ ಅವನ್ನು ತೆಗೆದು ಮುದುಕಿಯ ಕಾಲ ಬುಡದಲ್ಲಿಟ್ಟಳು.

"ಮೆಟ್ಕೊಳ್ಳಿ ಅಮ್ಮ."

ಮುದುಕಿ ಅವಳ ಮುಖ ನೋಡಿದಳು. ಸಿಟ್ಟಿರಲಿಲ್ಲ.

"ನನ್ನ ಮಗನಿಗೂ ಇಳೀಬೇಡ ಅಂದೆ ನೀನು" ಎಂದಳು. "ನೀನು ಬಸ್ ಹತ್ತಿ ಹೋಗ್ತೀಯ ತಾಯಿ. ನಾನು ನಾಳೆ ನೀರಿಗೆ ಇದೇ ದಾರೀಲಿ ಬರ್ಬೇಕು."

ಬಗ್ಗಿ ಚಪ್ಪಲಿ ಎತ್ತಿಕೊಂಡಳು. ಕಾದ ಮಣ್ಣಿನ ಮೇಲೆ ಬೇವಿನ ಮರ ದಾಟಿದಳು, ಗೋಡೆ ದಾಟಿದಳು.

ಹಿಂದೆ ಕೊಟ್ಟಿಗೆಯಲ್ಲಿ ಹಸು ಕೂಗಿತು. ಗಂಗಣ್ಣ ಒಳಕ್ಕೆ ತಿರುಗಿ, ಅದಕ್ಕೆ ನೀರು ಇಡ್ರೇ, ಈ ಸಲ ಗಬ್ಬ ನಿಂತ್ರೂ ನಿಂತಿರ್ತದೆ ಅಂದ.