ನನ್ನ ಗಂಟಲು, ನನ್ನ ಗುಟುರು

"ಮನೆಯಲ್ಲಿ ನಿಮಗೆ ಯಾರಾದ್ರೂ ತೊಂದರೆ ಕೊಡ್ತಿದ್ದಾರಾ?"

ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಆಸ್ಪತ್ರೆಯ ಡಾಕ್ಟರಮ್ಮ ಆಗಷ್ಟೇ ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ನನ್ನ ಗಂಟಲು ನೋಡಿದ್ದರು. 'ಧ್ವನಿತಂತುಗಳು ಊದಿಕೊಂಡಿವೆ, ವಿಪರೀತ ಕಿರುಚಾಟ' ಎಂದು ಚೀಟಿ ಬರೆದು, ಧ್ವನಿ ಥೆರಪಿಸ್ಟ್ ಆದ ಇವನ ಹತ್ತಿರ ಕಳಿಸಿದ್ದರು. ಇವನು ಚೀಟಿ ಓದಿ, ಕುರ್ಚಿ ಹತ್ತಿರ ಎಳೆದುಕೊಂಡು, ಏನೇನೋ ಊಹಿಸಿಕೊಂಡು ಅಷ್ಟು ಮೆತ್ತಗೆ ಕೇಳಿದ್ದ.

ನಗು ಬಂತು. ನಕ್ಕರೆ ಹರಿದ ತಗಡಿನ ಸದ್ದು. ಫೋನ್ ತೆಗೆದು ನಮ್ಮ ಬ್ಯಾಂಡಿನ ವಿಡಿಯೋ ತೋರಿಸಿದೆ. ಕಪ್ಪು ಅಂಗಿ, ಕೆದರಿದ ಕೂದಲು, ಮೈಕ್ ನುಂಗುವ ಹಾಗೆ ಹಿಡಿದು ಗುಟುರು ಹಾಕುತ್ತಿರುವ ನಾನು.

ಅವನ ಹುಬ್ಬು ನಿಧಾನಕ್ಕೆ ಮೇಲೆ ಹೋಯಿತು. ವಿಡಿಯೋ ನೋಡಿದ. ನನ್ನನ್ನು ನೋಡಿದ. ಮತ್ತೆ ವಿಡಿಯೋ ನೋಡಿದ.

"ಇದನ್ನ ನೀವು ಬೇಕು ಅಂತಲೇ ಮಾಡ್ತೀರಾ?"

ಮೈ ಉರಿದುಹೋಯಿತು. ಹಗಲೆಲ್ಲ ಬಸ್ ನಿಲ್ದಾಣದ ಮೈಕಿನಲ್ಲಿ 'ಪ್ರಯಾಣಿಕರ ಗಮನಕ್ಕೆ' ಎಂದು ಜೇನು ಸುರಿಸುವವಳು ನಾನು. ಬಸ್ ಎಷ್ಟೇ ತಡವಾದರೂ ಯಾರಿಗೂ ಸಿಟ್ಟು ಬರದ ಹಾಗೆ ಹೇಳಬೇಕು. ಅಷ್ಟೂ ಸಿಹಿಯನ್ನು ಸಂಜೆ ಎಲ್ಲಾದರೂ ಕಕ್ಕಬೇಡವೇ? ಅದಕ್ಕೇ ನನಗೆ ಎಕ್ಸ್‌ಟ್ರೀಮ್ ಮೆಟಲ್ ಎಂಬ ಈ ಗುಟುರಿನ ಸಂಗೀತ ಬೇಕು. ಧ್ವನಿ ಹೋದರೆ ಕೆಲಸವೂ ಹೋಯಿತು, ಬ್ಯಾಂಡೂ ಹೋಯಿತು. ಅದು ಗೊತ್ತಿದ್ದೇ ಬಂದಿದ್ದೆ.

"ಒಂದು ವಾರ ಬಾಯಿ ಬಿಡಬಾರದು. ಪಿಸುಮಾತೂ ಬೇಡ. ಆಮೇಲೂ ಈ ಹಾಡು ನಿಲ್ಲಿಸಿಬಿಡಿ," ಎಂದ.

ಫೋನಿನಲ್ಲಿ ಟೈಪ್ ಮಾಡಿ ಅವನ ಮೂಗಿಗೆ ಹಿಡಿದೆ: 'ನಿಲ್ಲಿಸಲ್ಲ. ಗಂಟಲು ಹಾಳಾಗದ ಹಾಗೆ ಮಾಡೋದು ಹೇಗೆ ಅಂತ ಹೇಳಿಕೊಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಿ.'

ಓದಿದ. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

"ಗೊತ್ತಿಲ್ಲ. ಕಲಿತು ಹೇಳ್ತೀನಿ."

ಆ ಮಾತಿಗೇ ನಾನು ಬಿದ್ದೆ. ಮುಚ್ಚುಮರೆ ಏನು ಬಂತು?

ನಿಜವಾಗಿಯೂ ಕಲಿತ. ಮುಂದಿನ ಸಲ ಹೋದಾಗ ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಧ್ವನಿತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆಯಂತೆ. ಗುಟುರಿನ ಒರಟು ಸದ್ದು ಅಲ್ಲಿ ಹುಟ್ಟಬೇಕು, ಕೆಳಗಿನ ತಂತುಗಳು ಸಡಿಲವಾಗಿರಬೇಕು. ನಾನು ಎಲ್ಲವನ್ನೂ ಸೇರಿಸಿ ಹಿಸುಕುತ್ತಿದ್ದೆ.

"ನೀವು ಜೋರಾಗಿ ಕೂಗ್ತಿದ್ದೀರಿ. ಕೂಗಬೇಡಿ. ಜೋರು ಮಾಡೋದು ಮೈಕಿನ ಕೆಲಸ. ನೀವು ಸುಸ್ತಾಗಿ ನಿಟ್ಟುಸಿರು ಬಿಡಿ. ಅದರ ಮೇಲೆ ಒಂಚೂರು ಒರಟು ಸೇರಿಸಿ. ನೋವಾದ ತಕ್ಷಣ ನಿಲ್ಲಿಸಿ."

"ಎಲ್ಲಿ, ನೀವು ಮಾಡಿ ತೋರಿಸಿ ಮೇಷ್ಟ್ರೇ." ಅಷ್ಟರಲ್ಲಿ ನನಗೆ ಮಾತಾಡಲು ಅನುಮತಿ ಸಿಕ್ಕಿತ್ತು. ಗಂಟಲು ಮೇಷ್ಟ್ರು ಎಂಬ ಹೆಸರು ಅವನಿಗೆ ನಾನೇ ಇಟ್ಟದ್ದು.

ಬಾಗಿಲು ಭದ್ರವಾಗಿದೆಯಾ ಎಂದು ನೋಡಿ, ಹೊಟ್ಟೆಗೆ ಉಸಿರು ತುಂಬಿಕೊಂಡು ಗುಟುರು ಹಾಕಿದ. ಹಾಲು ಸಿಗದ ಕರುವಿನ ಹಾಗಿತ್ತು. ನಾನು ಮೇಜು ಬಡಿದು ನಕ್ಕೆ. ಕಿವಿ ಕೆಂಪಾದರೂ ಕಣ್ಣು ತಪ್ಪಿಸಲಿಲ್ಲ ಪುಣ್ಯಾತ್ಮ. ನೋಡುತ್ತಲೇ ಇದ್ದ. ನಗು ಅರ್ಧಕ್ಕೆ ನಿಂತಿತು.

ಮಾರನೇ ವಾರ ತಲೆ ತಗ್ಗಿಸಿ, "ಇನ್ಮೇಲೆ ನಿಮ್ಮ ಚಿಕಿತ್ಸೆ ಡಾಕ್ಟರಮ್ಮನೇ ನೋಡ್ಕೋತಾರೆ," ಎಂದ.

"ಯಾಕೆ? ನಾನು ಹಠಮಾರಿ ಅಂತಲಾ?"

"ಅಲ್ಲ." ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಪೇಷಂಟ್ ಜೊತೆ ಕಾಫಿ ಕುಡಿಯೋಕೆ ಹೋಗೋ ಹಾಗಿಲ್ಲ. ಪೇಷಂಟ್ ಅಲ್ದೇ ಇದ್ರೆ ಹೋಗಬಹುದು."

ಕಾಫಿ ಒಂದಾಯಿತು, ಹಲವಾಯಿತು. 'ನೀವು' ಹೋಗಿ 'ನೀನು' ಬಂತು. ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅವನು ಹೇಳಿಕೊಟ್ಟ ಗಂಟಲಿನ ಅಭ್ಯಾಸ: ನೀರಿನ ಲೋಟಕ್ಕೆ ಸ್ಟ್ರಾ ಅದ್ದಿ ಗುಳುಗುಳು ಊದುವುದು, ಆಮೇಲೆ ನಿಟ್ಟುಸಿರು, ಆಮೇಲೆ ಗುಟುರು. ಅಮ್ಮ ಬಾಗಿಲು ಬಡಿಯುತ್ತಿದ್ದಳು. "ನಿನ್ನನ್ನ ಹೆತ್ತಿದ್ದು ನಾನೇನಾ ಅಂತ ಅನುಮಾನ ಬರ್ತಿದೆ ಕಣೇ!"

"ಆಸ್ಪತ್ರೆಗೆ ಹೋಗಿ ವಿಚಾರಿಸಮ್ಮ," ಎಂದು ಒಂದು ದಿನ ಇನ್ನೂ ಆಳಕ್ಕಿಳಿದೆ. ನೋವಿರಲಿಲ್ಲ. ನೆಲ ನಡುಗುವಂಥ ಸದ್ದು ಬಂತು. ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ. ವೇದಿಕೆಯ ಮೇಲೇ ಕೇಳಿ ಬೆಚ್ಚಿಬೀಳಲಿ ಎಂದು ಬಚ್ಚಿಟ್ಟುಕೊಂಡೆ.

ಬೆಚ್ಚಿಬಿದ್ದ. ಹಳೇ ಗೋದಾಮಿನಲ್ಲಿ ಸಂಜೆಯ ಶೋ. ಮೇಷ್ಟ್ರು ವೇದಿಕೆಯ ಪಕ್ಕದಲ್ಲಿ ನಿಂತಿದ್ದ. ಎರಡನೇ ಹಾಡಿನ ನಡುವೆ ನಾನು ಆ ಆಳದ ಸದ್ದು ಬಿಟ್ಟೆ. ಜನ ಹುಚ್ಚೆದ್ದರು. ಮರುಕ್ಷಣ ಮೈಕ್ ಸತ್ತುಹೋಯಿತು. ತಿರುಗಿದರೆ ಮೇಷ್ಟ್ರು, ಸುಣ್ಣದಂಥ ಮುಖ, ಕೈಯಲ್ಲಿ ಕಿತ್ತ ಮೈಕಿನ ವೈರು.

"ಸಾಕು! ಗಂಟಲು ಹರಿದುಹೋಗ್ತಿದೆ!"

ಅಷ್ಟು ಜನರ ಮುಂದೆ.

"ನನಗೆ ನೋವಾಗ್ತಿದೆ ಅಂತ ನಾನು ಹೇಳಿದ್ನಾ?"

"ಆ ಸದ್ದು ಕೇಳಿದ್ರೇ ಗೊತ್ತಾಗುತ್ತೆ—"

"ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಬಾ," ಎಂದೆ. "ಕಣ್ಣಾರೆ ನೋಡು."

ಬೆಳಿಗ್ಗೆ ಡಾಕ್ಟರಮ್ಮ ಕ್ಯಾಮೆರಾ ಇಳಿಸಿದರು. ಕಣ್ಣಲ್ಲಿ ನೀರು, ಮೂಗಿನಲ್ಲಿ ನಳಿಕೆ. ಆ ಅವತಾರದಲ್ಲೇ ನಾನು ಅದೇ ಸದ್ದು ಬಿಟ್ಟೆ. ಪರದೆಯ ಮೇಲೆ ಮೇಲಿನ ಮಡಿಕೆಗಳು ಪಟಪಟ ಬಡಿದುಕೊಂಡವು. ಕೆಳಗೆ ಧ್ವನಿತಂತುಗಳು ಬೆಳ್ಳಗೆ, ಎಲ್ಲೂ ಊತವಿಲ್ಲ, ಕೆಂಪಿಲ್ಲ.

"ಮೊದಲಿಗಿಂತ ಆರೋಗ್ಯವಾಗಿದೆ," ಎಂದರು ಡಾಕ್ಟರಮ್ಮ. "ಹೇಳಿಕೊಟ್ಟೋನು ನೀನೇ ಅಲ್ವೇನಪ್ಪ? ನಿನಗೇ ನಂಬಿಕೆ ಇಲ್ವಾ?"

ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ ನಿಂತ. "ತಪ್ಪಾಯ್ತು. ದಿನಾ ಧ್ವನಿ ಕಳ್ಕೊಂಡವರನ್ನೇ ನೋಡ್ತೀನಿ. ನಿನಗೂ ಹಾಗೇ ಆಯ್ತು ಅಂತ ಜೀವ ಹೋದ ಹಾಗಾಯ್ತು."

ಕರಗಿಹೋದೆ. ಆದರೆ ಕರಗಿದ್ದನ್ನು ತೋರಿಸಲಿಲ್ಲ.

"ನೋಡು ಮೇಷ್ಟ್ರೇ, ನೀನು ಹೆದರ್ಕೋ, ಬೇಡ ಅನ್ನಲ್ಲ. ಆದ್ರೆ ನನ್ನ ಬಾಯಿ ಮುಚ್ಚಿಸೋಕೆ ಹುಟ್ಟಿದಾಗಿಂದ ಜನ ಸಾಲಾಗಿ ನಿಂತಿದ್ದಾರೆ. ಮೆಲ್ಲಗೆ ಮಾತಾಡು, ಮೆಲ್ಲಗೆ ನಗು, ಮೆಲ್ಲಗೆ ಅಳು. ಆ ಸಾಲಲ್ಲಿ ನೀನೂ ನಿಲ್ಲೋದಾದ್ರೆ ಈಗಲೇ ಹೇಳಿಬಿಡು. ಎಷ್ಟೇ ಇಷ್ಟ ಇದ್ರೂ ನಾನು ಬಿಟ್ಟು ಹೋಗ್ತೀನಿ."

"ಇಷ್ಟ ಇದೆಯಾ?" ಎಂದ. ಅಷ್ಟು ಉದ್ದದ ಮಾತಿನಲ್ಲಿ ಅವನಿಗೆ ಕೇಳಿಸಿದ್ದು ಅದೊಂದೇ.

"ಮುಂದಿನ ಶೋಗೆ ಬಾ. ಅದೇ ಜಾಗದಲ್ಲಿ ನಿಲ್ಲು. ಆಮೇಲೆ ಹೇಳ್ತೀನಿ."

ಬಂದ. ಆ ದಿನ ಅಮ್ಮನೂ ಬಂದಿದ್ದಳು. ಕಿವಿಗೆ ಹತ್ತಿ ತುರುಕಿಕೊಂಡು, ಬ್ಯಾಗನ್ನು ಎದೆಗವಚಿಕೊಂಡು, ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಮಗಳ ಮರ್ಯಾದೆ ಎಷ್ಟು ಹರಾಜಾಗುತ್ತದೋ ನೋಡಿಯೇ ಬಿಡೋಣ ಎಂದು ಬಂದದ್ದಂತೆ.

ಎರಡನೇ ಹಾಡಿನ ಆ ಜಾಗ ಬಂತು. ಹೊಟ್ಟೆಯ ತುಂಬ ಉಸಿರು ತೆಗೆದುಕೊಂಡು, ಭುಜ ಸಡಿಲ ಬಿಟ್ಟು ಆ ಸದ್ದಿಗಿಳಿದೆ. ಹೋದ ಸಲಕ್ಕಿಂತ ಆಳಕ್ಕೆ, ಹೋದ ಸಲಕ್ಕಿಂತ ಉದ್ದಕ್ಕೆ. ಕಣ್ಣು ಮಾತ್ರ ಅವನ ಮೇಲೇ ಇತ್ತು. ಅವನ ಮುಖ ಬಿಳಿಚಿತು. ಒಂದು ಹೆಜ್ಜೆ ಮುಂದಿಟ್ಟ. ವೈರು ಕಾಲಬುಡದಲ್ಲೇ ಇತ್ತು. ಅಲ್ಲೇ ನಿಂತ. ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು, ಹಲ್ಲು ಕಚ್ಚಿಕೊಂಡು, ನನ್ನನ್ನೇ ನೋಡುತ್ತಾ ನಿಂತ. ನಾನು ಸದ್ದನ್ನು ಇನ್ನಷ್ಟು ಎಳೆದೆ. ಎಳೆಯಬಹುದಿತ್ತು, ಎಳೆದೆ.

ಹಾಡು ಮುಗಿದಾಗ ಗೋದಾಮು ಕಿತ್ತುಹೋಗುವಷ್ಟು ಕೂಗು. ನಾನು ಮೈಕ್ ಹಿಡಿದೇ ಅವನತ್ತ ಬಗ್ಗಿದೆ.

"ಹೆದರಿದ್ಯಾ?"

"ಪ್ರಾಣ ಬಾಯಿಗೆ ಬಂದಿತ್ತು."

"ಮತ್ತೆ ಯಾಕೆ ವೈರು ಕೀಳಲಿಲ್ಲ?"

"ಹೆದರಿದ್ದು ನಾನು. ಗಂಟಲು ನಿಂದು." ಅವನು ಏನೋ ಹೇಳಲು ಹೊರಟು ಗೊಣಗಿದ.

"ಕೇಳಿಸ್ತಿಲ್ಲ. ಹೊಟ್ಟೆಯಿಂದ ಹೇಳು!"

ಉಸಿರು ತುಂಬಿಕೊಂಡ ನನ್ನ ಮೇಷ್ಟ್ರು. "ನಿನ್ನನ್ನ ಪ್ರೀತಿಸ್ತೀನಿ! ಈ ಗಲಾಟೆ ಸಮೇತ!"

ನನ್ನ ಕೈಯಲ್ಲಿದ್ದ ಮೈಕಿಗೆ ಅಷ್ಟೂ ಹೋಯಿತು. ಇಡೀ ಗೋದಾಮಿಗೆ ಕೇಳಿಸಿತು. ಹಿಂದೆ ಅಮ್ಮ ಕಿವಿಯ ಹತ್ತಿ ಕಿತ್ತು, "ಏನಂದ? ಯಾರಿಗಂದ?" ಎಂದು ಪಕ್ಕದವರನ್ನು ಅಲುಗಾಡಿಸುತ್ತಿದ್ದಳು.

ನಾನು ಮಾತಾಡಿದೆ. ಅಷ್ಟೆಲ್ಲ ಗುಟುರು ಹಾಕಿದ ಗಂಟಲಿನಿಂದ ಸ್ವರ ತಿಳಿಯಾಗಿ ಬಂತು, ಎಲ್ಲೂ ಒಡೆಯಲಿಲ್ಲ. ಅವನ ಕಣ್ಣು ತುಂಬಿದ್ದು ನನ್ನ ಮಾತಿಗೋ ಆ ಸ್ವರಕ್ಕೋ, ಇವತ್ತಿಗೂ ಒಪ್ಪಿಕೊಂಡಿಲ್ಲ.

"ನಾನೂ ನಿನ್ನನ್ನ ಪ್ರೀತಿಸ್ತೀನಿ ಕಣೋ," ಎಂದೆ. "ಈಗ ಸ್ವಲ್ಪ ಪಕ್ಕಕ್ಕೆ ನಿಲ್ಲು. ಇನ್ನೂ ಎರಡು ಹಾಡು ಬಾಕಿ ಇದೆ."