ತಣ್ಣಗಿದ್ದ ಚಕ್ರಗಳು

ಕರ್‌ರ್... ತಗಡಿಗೆ ತಗಡು ತಿಕ್ಕಿತು!

ಕಪ್ಪು ಎಸ್‌ಯುವಿ ನಮ್ಮ ಹಳೆಯ ಓಮ್ನಿಯನ್ನು ರಸ್ತೆಯಿಂದ ಆಚೆಗೆ ಒತ್ತುತ್ತಿತ್ತು. ನನ್ನ ಎಡಕ್ಕೆ ಅರ್ಧ ರಸ್ತೆಯ ತುಂಬ ಮೆಕ್ಕೆಜೋಳ ಒಣಹಾಕಿದ್ದರು. ಬಲಕ್ಕೆ ಸಂತೋಷನ ಎರಡು ಟನ್ ಕಬ್ಬಿಣ.

"ಜೋಳದ ಮೇಲೆ ಹತ್ತಿಸಬ್ಯಾಡ! ಜಾರತೈತೆ!" ಪಕ್ಕದ ಸೀಟಿನಿಂದ ಕುತುಬ್ ಚಾಚಾ ಕೂಗಿದರು.

"ಮತ್ತೆ ಎಲ್ಲಿಗೆ ಹೋಗ್ಲಿ ಚಾಚಾ?"

ಸಂತೋಷ ಕಿಟಕಿ ಇಳಿಸಿದ.

"ನಿಲ್ಸಲೇ ನಿಂಗ್ಯಾ! ರಿಪೋರ್ಟಿಗೆ ಸಹಿ ಹಾಕಿದೋನು ನೀನು! ಒಳಗೆ ಹೋಗೋನೂ ನೀನೇ!"

ಅದರಲ್ಲಿ ಸಹಿಯ ಮಾತು ಮಾತ್ರ ನಿಜ.

ನಮ್ಮ ಮುಂದೆ ಎಲ್ಲೋ ಒಂದು ಬೆಳ್ಳಿ ಬಣ್ಣದ ಕಾರು ಹೋಗುತ್ತಿತ್ತು. ಅದರೊಳಗೆ ಮೂವರು ಹೆಣ್ಣುಮಕ್ಕಳು. ಅದರ ಬ್ರೇಕು...

ಇರಿ. ಮೊದಲಿನಿಂದ ಹೇಳುತ್ತೇನೆ. ನಿಮ್ಮ ಗಾಡಿಯ ಬಾನೆಟ್ ಎತ್ತುವ ಮೊದಲೇ ನಾನೇಕೆ ಬಗ್ಗಿ ನಾಲ್ಕೂ ಚಕ್ರ ಮುಟ್ಟಿ ನೋಡಿದೆ ಎಂದು ಕೇಳಿದಿರಲ್ಲ. ಉತ್ತರ ಇದರಲ್ಲೇ ಇದೆ.

ನಾನು ನಿಂಗರಾಜ್. ಹಳೆಯ ಕಾರು ಕೊಳ್ಳುವವರು ನನ್ನನ್ನು ಕರೆಯುತ್ತಾರೆ. ಗಾಡಿ ನೋಡುತ್ತೇನೆ, ನೂರಕ್ಕೆ ಇಷ್ಟು ಎಂದು ಮಾರ್ಕ್ಸ್ ಕೊಡುತ್ತೇನೆ, ಸಹಿ ಹಾಕುತ್ತೇನೆ. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಸಂಜೆ ಕ್ಲಾಸಿನಲ್ಲಿ ಎಂಜಿನ್ ಕಲಿತವನು ನಾನು. ಅದಕ್ಕೇ ಇರಬೇಕು, ನನ್ನ ಸಹಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಮನೆಗೆ ಬಂದ ಮೇಲೂ, ಇನ್ನೊಮ್ಮೆ ಹೋಗಿ ನೋಡಿ ಬರಲೇ ಎನಿಸುತ್ತದೆ.

ಆ ಬೆಳ್ಳಿ ಕಾರಿಗೆ ಸಹಿ ಹಾಕಿದ ಶನಿವಾರವೂ ಎನಿಸಿತ್ತು.

ಹೋಗಲಿಲ್ಲ.

ಮರುದಿನ ಭಾನುವಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಹೋಟೆಲಿನಲ್ಲಿ ನಮ್ಮ ಕಾರು ಹುಚ್ಚರ ಗುಂಪು ಸೇರಿತ್ತು. ಬೆಣ್ಣೆ ದೋಸೆ ಬರುವವರೆಗೆ ಜಗಳ. ಬಂದ ಮೇಲೂ ಜಗಳ.

"ಗಾಡಿ ಅಂದ್ರೆ ಪಿಕಪ್ ರೀ! ನನ್ನ ಟರ್ಬೊ ಹತ್ತು ಸೆಕೆಂಡಿಗೆ ನೂರು ಮುಟ್ಟತೈತೆ!" ಎಂದ ಮೊಬೈಲ್ ಅಂಗಡಿಯ ಇಮ್ರಾನ್.

"ನೂರು ಮುಟ್ಟಿ ಎಲ್ಲಿಗೆ ಹೋಗ್ತೀಯಪ್ಪ? ಮುಂದಿನ ರೋಡ್ ಹಂಪ್‌ಗಾ?" ಅಕ್ಕಿ ವ್ಯಾಪಾರಿ ಬಕ್ಕೇಶಪ್ಪನವರು ನಕ್ಕರು. "ನಂದು ನೋಡು. ಐದು ವರ್ಷ ಆತು. ಇವತ್ತು ಮಾರಿದ್ರೂ ಮುಕ್ಕಾಲು ರೇಟು ಬರ್ತೈತೆ. ಅದಪ್ಪ ಗಾಡಿ!"

"ಸೀಟಿನ ಪ್ಲಾಸ್ಟಿಕ್ಕೇ ಇನ್ನೂ ತೆಗೆದಿಲ್ಲ ನೀವು. ಗಾಡಿ ಓಡಿಸ್ತೀರೋ, ಪಾರ್ಸಲ್ ಓಡಿಸ್ತೀರೋ?"

"ನನ್ನ ಓಮ್ನಿಗೆ ಹತ್ತೊಂಬತ್ತು ವರ್ಷ," ಕುತುಬ್ ಚಾಚಾ ಚಟ್ನಿ ಒರೆಸಿಕೊಂಡರು. ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. "ಒಂದಿನ ತಳ್ಳಿಸ್ಕೊಂಡಿಲ್ಲ."

ಸಂತೋಷ ಇದಕ್ಕೇ ಕಾದಿದ್ದ. ಹಳೆಯ ಕಾರು ಮಾರುವವನು. ನಗು ಅವನ ಮುಖದ ಮೇಲೆ ಹೊಸ ಪೇಂಟಿನಂತೆ ಹೊಳೆಯುತ್ತದೆ.

"ನಿನ್ನೆ ನನ್ನ ಬೆಳ್ಳಿ ಗಾಡಿ ಎಷ್ಟು ಕೊಡ್ತು? ಲೀಟರಿಗೆ ಇಪ್ಪತ್ತೇಳು! ಜಡ್ಜ್ ಸಾಹೇಬ್ರು ಇಲ್ಲೇ ಕೂತಾರ. ಕೇಳ್ರಿ!"

ಜಡ್ಜ್ ನಾನು.

ನಮ್ಮ ಗುಂಪಿನ ಟೆಸ್ಟ್ ಹೀಗೆ: ಬಂಕಿನಲ್ಲಿ ಟ್ಯಾಂಕ್ ತುಂಬಿಸಬೇಕು. ಮುಚ್ಚಳಕ್ಕೆ ನಾನು ಸಹಿ ಮಾಡಿದ ಚೀಟಿ ಅಂಟಿಸುತ್ತೇನೆ. ಹರಿಹರಕ್ಕೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ತುಂಬಿಸಬೇಕು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಎಂದರ್ಥ. ಶನಿವಾರ ಸಂತೋಷನ ಡ್ರೈವರ್ ಮೆಲ್ಲಗೆ, ಗೇರಿನಲ್ಲೇ ವೇಗ ಇಳಿಸುತ್ತ ಓಡಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ. ಎಷ್ಟು ನಾಜೂಕು ಕೈ ಎಂದುಕೊಂಡೆ!

ಬಂದ ಮೇಲೆ ಚಕ್ರ ಮುಟ್ಟಿದೆ. ಮೂರು ತಣ್ಣಗಿದ್ದವು. ಒಂದು ಬೆಚ್ಚಗಿತ್ತು, ಬಿಸಿಲಿಗೆ ಇರಬೇಕು ಎಂದುಕೊಂಡೆ. ಬ್ರೇಕ್ ಎಲ್ಲೂ ಉಜ್ಜುತ್ತಿಲ್ಲ, ಗಾಡಿ ಹಗುರವಾಗಿ ಉರುಳುತ್ತದೆ ಎಂದು ಖುಷಿಪಟ್ಟೆ.

ಐದು ಮಾರ್ಕ್ಸ್ ಹೆಚ್ಚಿಗೆ ಕೊಟ್ಟೆ!

ತೊಂಬತ್ತಮೂರು. ಸಹಿ. ಶಾಲೆಯ ಟೀಚರ್ ನಯನಾ ಆ ಹಾಳೆ ನೋಡಿ ನಿಂತಲ್ಲೇ ಕಾರು ಕೊಂಡಳು. ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿ, ಸಂಜೆಯೇ ತೆಗೆದುಕೊಂಡು ಹೋದಳು.

"ಇಪ್ಪತ್ತೇಳಾ?" ಕುತುಬ್ ಚಾಚಾ ಜೋರಾಗಿ ನಕ್ಕರು. "ಬ್ರೇಕ್ ಕಿತ್ತು ಹಾಕಿದ್ರೆ ನನ್ನ ಓಮ್ನೀನೂ ಕೊಡ್ತೈತೆ ಬಿಡು!"

ಎಲ್ಲರೂ ನಕ್ಕರು.

ಸಂತೋಷ ನಗಲಿಲ್ಲ.

ನಾನು ದೋಸೆಯ ತಟ್ಟೆ ಸರಿಸಿದೆ. ಇಪ್ಪತ್ತೆಂಟು ಕಿಲೋಮೀಟರ್... ಹರಿಹರದ ಪೇಟೆ, ದಾವಣಗೆರೆಯ ಸಿಗ್ನಲ್ಲುಗಳು... ಬ್ರೇಕ್ ಹಿಡಿದಿದ್ದರೆ ನಾಲ್ಕೂ ಚಕ್ರ ಬಿಸಿಯಾಗಲೇಬೇಕಿತ್ತು!

"ಸಂತೋಷ, ಆ ಗಾಡಿ ಬ್ರೇಕಿಗೆ ಏನು ಮಾಡಿಸ್ದೆ?"

"ಮೆಲ್ಲಗೆ ಮಾತಾಡು." ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. "ಬ್ರೇಕ್ ಎಣ್ಣೆ ಹೋಗೋ ಮೂರು ಪೈಪಿಗೆ ಕ್ಲಿಪ್ ಬಿಗಿಸಿದ್ದೆ, ಅಷ್ಟೇ. ಬ್ರೇಕ್ ಉಜ್ಜಬಾರ್ದು ಅಂತ. ಟೆಸ್ಟ್ ಮುಗಿದ ಮ್ಯಾಲೆ ತೆಗೀಬೇಕಿತ್ತು. ಅಷ್ಟರಾಗೆ ಟೀಚರ್ ತಗೊಂಡು ಹೋಗಿಬಿಟ್ಲು. ನಾಳೆ ಸರ್ವೀಸ್ ಅಂತ ಕರೆಸಿ ತೆಗೆದುಬಿಡ್ತೀನಿ."

"ಇವತ್ತು ಅವರು ಹರಿಹರದ ಮ್ಯಾಲೆ ಕೊಕ್ಕನೂರು ಗುಡಿಗೆ ಹೊಂಟಾರೆ, ನಿನ್ನೆ ಆಕೀನೇ ಹೇಳಿದ್ಲು! ಮಗು ಐತೆ ಗಾಡಿಯಾಗೆ!"

"ಒಂದು ಚಕ್ರ ಹಿಡೀತೈತಲ್ಲ ಮಾರಾಯ!"

ಒಂದು ಚಕ್ರ!

ನಯನಾಗೆ ಫೋನ್ ಮಾಡಿದೆ. ರಿಂಗಾಯಿತು... ರಿಂಗಾಯಿತು... ನಿಂತಿತು. ಕೀ ಕೊಡುವಾಗ ನಾನೇ ಹೇಳಿದ್ದೆ, ಓಡಿಸುವಾಗ ಫೋನ್ ಮುಟ್ಟಬ್ಯಾಡಮ್ಮ ಎಂದು. ಮೇಷ್ಟ್ರ ಥರ ಎರಡು ಸಲ ಹೇಳಿದ್ದೆ.

ಇಮ್ರಾನ್ ತನ್ನ ಮೊಬೈಲ್ ತಿರುಗಿಸಿ ತೋರಿಸಿದ. ಅವನ ಅಂಗಡಿಯ ಗಿರಾಕಿ ನಯನಾಳ ವಾಟ್ಸಾಪ್ ಸ್ಟೇಟಸ್. ಹರಿಹರೇಶ್ವರ ದೇವಸ್ಥಾನದ ಮುಂದೆ ಬೆಳ್ಳಿ ಕಾರು. ನಯನಾ, ತಾಯಿ ಕಸ್ತೂರಮ್ಮ, ಆರು ವರ್ಷದ ಮಗಳು ಸ್ನೇಹಾ. ಹಾಕಿ ನಾಲ್ಕು ನಿಮಿಷವಾಗಿತ್ತು.

ನನ್ನ ಬಳಿ ಇದ್ದದ್ದು ಸ್ಕೂಟರ್.

"ಇಮ್ರಾನ್, ಕೀ ಕೊಡು!"

"ವಾಷಿಂಗ್‌ಗೆ ಬಿಟ್ಟೀನಿ ಅಣ್ಣ..."

"ಬಕ್ಕೇಶಪ್ಪನೋರೆ?"

ಅವರ ಕೈ ಮೇಜಿನ ಮೇಲಿದ್ದ ಕೀಯನ್ನು ಮುಚ್ಚಿತು. "ಅದಲ್ಲಪ್ಪ... ಒಂದು ಸ್ಕ್ರ್ಯಾಚ್ ಬಿದ್ರೂ ರೇಟು..."

ಠಪ್! ದೋಸೆ ತಟ್ಟೆಯ ಪಕ್ಕ ಓಮ್ನಿಯ ಕೀ ಬಿತ್ತು.

"ನಡಿ," ಎಂದರು ಕುತುಬ್ ಚಾಚಾ. "ನಿನ್ನ ಸಹಿ. ನೀನೇ ಓಡ್ಸು."

ಹರಿಹರ ಮುಟ್ಟುವವರೆಗೆ ನನ್ನ ಕಾಲು ಆಕ್ಸಿಲರೇಟರ್ ಮೇಲಿಂದ ಏಳಲಿಲ್ಲ. ಸ್ಟೀರಿಂಗ್ ನಡುಗುತ್ತಿತ್ತು. ಚಾಚಾ ನಯನಾಗೆ ಮತ್ತೆ ಮತ್ತೆ ರಿಂಗ್ ಮಾಡಿ, ಎತ್ತದಿದ್ದಾಗ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಹೊರಟೆವು ಎಂದರು. ಆದರೆ ಕೊಕ್ಕನೂರಿನ ದಾರಿಯಲ್ಲಿ ಭದ್ರಾ ಕಾಲುವೆ ಇದೆ. ಅದು ನಯನಾಗೆ ಎಲ್ಲರಿಗಿಂತ ಹತ್ತಿರವಿತ್ತು.

ದೇವಸ್ಥಾನದ ಮುಂದೆ ಕಾರಿರಲಿಲ್ಲ.

"ಬೆಳ್ಳಿ ಗಾಡಿನಾ?" ಹೂ ಮಾರುವ ಅಜ್ಜಿ ಕೈ ತೋರಿಸಿದಳು. "ಪೂಜೆ ಮುಗಿಸಿ ಈಗಷ್ಟೇ ಹೋದ್ರಲ್ಲಪ್ಪ, ಕೊಕ್ಕನೂರ ಕಡೆ."

ಊರು ದಾಟಿದೆವು. ಕನ್ನಡಿಯಲ್ಲಿ ಕಪ್ಪು ಎಸ್‌ಯುವಿ ಕಂಡಿತು. ನಯನಾಗೆ ನಾನು ಹೇಳಿದರೆ ಸಂತೋಷನ ಅಂಗಡಿ ಮುಚ್ಚಿದಂತೆಯೇ. ನಾಳೆಯ ತನಕ ನನ್ನ ಬಾಯಿ ಕಟ್ಟಿದರೆ ಅವನು ಬಚಾವ್.

ಹೀಗೆ ಬಂದು ಸಿಕ್ಕಿಕೊಂಡದ್ದು ಮೊದಲು ಹೇಳಿದ ಆ ಮೆಕ್ಕೆಜೋಳದ ಹತ್ತಿರ.

ಕರ್‌ರ್...! ಅವನು ಇನ್ನೊಮ್ಮೆ ಒತ್ತಿದ.

"ಚಾಚಾ, ಈ ಗಾಡಿ ಬ್ರೇಕ್ ಹೆಂಗೈತೆ?"

"ನಾನೇ ಮಾಡಿದ್ದು. ಯಾಕ?"

"ಗಟ್ಟಿ ಹಿಡ್ಕೊಳ್ರಿ!"

ಒತ್ತಿದೆ.

ಓಮ್ನಿ ಮೊಳೆ ಹೊಡೆದಂತೆ ನಿಂತಿತು! ಸಂತೋಷನಿಗೆ ಒತ್ತಲು ಏನೂ ಉಳಿಯಲಿಲ್ಲ. ಅವನ ಎಸ್‌ಯುವಿ ನಮ್ಮ ಮೂತಿಯ ಮುಂದಿನಿಂದ ಎಡಕ್ಕೆ ನುಗ್ಗಿ, ಜೋಳದ ಮೇಲೆ ಹತ್ತಿ, ಗಿರ್ರನೆ ತಿರುಗಿ ಗದ್ದೆಗೆ ಇಳಿಯಿತು. ಜೋಳ ಕಾಯುತ್ತಿದ್ದ ಲಿಂಗಣ್ಣ ಎಂಬ ರೈತ ಕುಡುಗೋಲು ಹಿಡಿದು ಓಡಿಬಂದ.

ಅದನ್ನು ನೋಡುತ್ತ ನಿಲ್ಲಲು ನನಗೆ ಪುರುಸೊತ್ತಿರಲಿಲ್ಲ.

ಮೂರು ಕಿಲೋಮೀಟರ್ ಆಚೆ ಕಂಡಿತು... ಬೆಳ್ಳಿ ಕಾರು! ರಸ್ತೆಯ ಬಲಕ್ಕೆ ಕಾಲುವೆ, ತುಂಬಿ ಹರಿಯುತ್ತಿತ್ತು. ಹಾರ್ನ್ ಹೊಡೆಯುತ್ತಲೇ ಕಾರಿನ ಬಲಪಕ್ಕಕ್ಕೆ ಬಂದೆ. ಚಾಚಾ ಅರ್ಧ ಮೈ ಕಿಟಕಿಯ ಹೊರಗೆ ಹಾಕಿದ್ದರು.

"ಬ್ರೇಕ್ ಒತ್ತಬ್ಯಾಡ ತಾಯಿ! ಗೇರ್ ಇಳ್ಸು! ಗೇರ್!"

ಕಿಟಕಿ ಮುಚ್ಚಿತ್ತು. ಒಳಗೆ ಎ.ಸಿ. ನಯನಾ ನಮ್ಮನ್ನು ಗುರುತಿಸಿ ನಕ್ಕಳು. ಸ್ನೇಹಾ ಟಾಟಾ ಮಾಡಿದಳು.

ಆಗಲೇ ಎದುರಿನ ಗದ್ದೆಯಿಂದ ಟ್ರಾಕ್ಟರ್ ಒಂದು ರಸ್ತೆಗೆ ಹತ್ತಿ ಅಡ್ಡ ನಿಂತಿತು!

ನಯನಾ ಬ್ರೇಕ್ ಒತ್ತಿದಳು. ಅಲ್ಲಿಯವರೆಗೆ ಮೆಲ್ಲಗೆ ಓಡಿಸಿದ್ದಳು, ಒಂದು ಚಕ್ರದ ಬ್ರೇಕೇ ಸಾಕಾಗಿತ್ತು; ಈಗ ಎಲ್ಲರೂ ಒತ್ತುವಂತೆ, ಪೂರ್ತಿ.

ನಾಲ್ಕರಲ್ಲಿ ಹಿಡಿದದ್ದು ಒಂದೇ ಚಕ್ರ. ಬಲ ಮುಂದಿನದು. ಕಾರು ಬಲಕ್ಕೆ ಎಳೆಯಿತು. ಕಾಲುವೆಯ ಕಡೆಗೆ!

ಕಾರಿಗೂ ಕಾಲುವೆಗೂ ನಡುವೆ ನಾವಿದ್ದೆವು.

ವೇಗ ಹೆಚ್ಚಿಸಿ ಮುಂದೆ ಹಾರಿದರೆ ನಾವು ಉಳಿಯುತ್ತಿದ್ದೆವು. ಸುಳ್ಳು ಹೇಳುವುದಿಲ್ಲ, ನನ್ನ ಕಾಲಿಗೆ ಆ ಯೋಚನೆ ಬಂದಿತ್ತು.

"ನಿಲ್ಲು!" ಎಂದರು ಚಾಚಾ, ಮೈ ಒಳಗೆ ಎಳೆದುಕೊಳ್ಳುತ್ತ. "ಇಲ್ಲೇ ನಿಲ್ಲು! ಗಾಡಿ ಹೋದ್ರೆ ಹೋಗ್ಲಿ!"

ಧಡ್! ಬೆಳ್ಳಿ ಕಾರು ನಮ್ಮ ಮೇಲೆ ಬಿತ್ತು. ಸ್ಟೀರಿಂಗನ್ನು ಎಡಕ್ಕೆ ಒತ್ತಿ ಹಿಡಿದು ಬ್ರೇಕ್ ತುಳಿದೆ. ಮತ್ತೆ ಅದೇ ಸದ್ದು... ತಗಡಿಗೆ ತಗಡು. ಎರಡು ಗಾಡಿಗಳೂ ಅಂಟಿಕೊಂಡೇ ಜಾರಿದವು. ಓಮ್ನಿಯ ಬ್ರೇಕಿನಲ್ಲೇ ಎರಡೂ ನಿಲ್ಲಬೇಕಿತ್ತು. ಜಲ್ಲಿ ಹಾರಿತು. ಟ್ರಾಕ್ಟರಿನವನ ಬಾಯಿ ತೆರೆದದ್ದು ಕಂಡಿತು. ಅವನ ಹಲ್ಲು ಎಣಿಸುವಷ್ಟು ಹತ್ತಿರ...

ನಿಂತೆವು.

ಓಮ್ನಿಯ ಬಲಗಡೆಯ ಹಿಂದಿನ ಚಕ್ರ ಕಾಲುವೆಯ ಮೇಲೆ ಸುಮ್ಮನೆ ತಿರುಗುತ್ತಿತ್ತು. ನಾವು ಹಿಂದಿನ ಬಾಗಿಲಿನಿಂದ ಇಳಿದೆವು. ಚಾಚಾ ಒಮ್ಮೆ ಗಾಡಿಯ ಸುತ್ತ ಕಣ್ಣಾಡಿಸಿದರು.

"ಇವತ್ತು ತಳ್ಳಬೇಕಾಗ್ತೈತೆ," ಎಂದರು.

ಕಾರಿನಲ್ಲಿದ್ದ ಮೂವರಿಗೂ ಒಂದು ಗೀರೂ ಆಗಿರಲಿಲ್ಲ. ನಾನು ಕಾರಿನಡಿ ತೂರಿ ಮೂರು ಕ್ಲಿಪ್ ಬಿಚ್ಚಿ ತಂದೆ. ಅಷ್ಟರಲ್ಲಿ ಲಿಂಗಣ್ಣ ಸಂತೋಷನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಸಂತೋಷನ ತಲೆಯಲ್ಲಿ ಜೋಳದ ಕಾಳು.

"ಇವನ್ನೇ ಕೇಳಮ್ಮ!" ಸಂತೋಷ ನನ್ನತ್ತ ಬೆರಳು ತೋರಿಸಿದ. "ಗಾಡಿ ಪಾಸ್ ಮಾಡಿದೋನು ಇವನೇ!"

ನಯನಾ ನನ್ನ ಅಂಗೈಯಲ್ಲಿದ್ದ ಕ್ಲಿಪ್‌ಗಳನ್ನು ನೋಡಿದಳು.

"ತೊಂಬತ್ತಮೂರು ಕೊಟ್ಟಿದ್ದು ನೀವೇ ಅಲ್ಲೇನಣ್ಣ?"

"ಹೌದಮ್ಮ. ನಾನೇ."

ಕಸ್ತೂರಮ್ಮ ಮೊಮ್ಮಗಳನ್ನು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಸಂತೋಷನಿಂದಲ್ಲ. ನನ್ನಿಂದ.

ಪೊಲೀಸರು ಬಂದರು. ಕಾರಿನಲ್ಲಿದ್ದ ನನ್ನ ರಿಪೋರ್ಟ್ ತೆಗೆದು, ತೊಂಬತ್ತಮೂರನ್ನು ಹೊಡೆದುಹಾಕಿ, ಸೊನ್ನೆ ಬರೆದೆ. ಚಕ್ರ ತಣ್ಣಗಿದ್ದದ್ದನ್ನು ನೋಡಿಯೂ ಪಾಸ್ ಮಾಡಿದೆ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ. ನಾನು ಪೂರ್ತಿ ನಂಬುವ ನನ್ನ ಸಹಿ ಅದೊಂದೇ.

ಸಂತೋಷನ ಮೇಲೆ ಕೇಸಾಯಿತು. ಸಾಕ್ಷಿ ಹೇಳಲು ನಾನೂ ಕೋರ್ಟಿಗೆ ಅಲೆಯುತ್ತಿದ್ದೇನೆ. ಓಮ್ನಿ ಗುಜರಿಗೆ ಹೋಯಿತು. ಭಾನುವಾರದ ಗುಂಪು ಈಗಲೂ ಸೇರುತ್ತದೆ, ಪಿಕಪ್ಪು, ರೇಟು ಎಂದು ಕಿತ್ತಾಡುತ್ತದೆ. ಚಾಚಾ ಆ ಹಳೆಯ ಕೀಯನ್ನು ಮೇಜಿನ ಮೇಲಿಟ್ಟರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಮೂರು ತಿಂಗಳಿಂದ ನನ್ನ ಹತ್ತಿರ ಯಾರೂ ಗಾಡಿ ತಂದಿರಲಿಲ್ಲ. ನೀವೇ ಮೊದಲು. ಇವತ್ತೇ ಕೊಳ್ಳಬೇಕು ಅಂದಿರಿ. ಲೀಟರಿಗೆ ಇಪ್ಪತ್ತಾರು ಕೊಡುತ್ತದೆ ಎಂದು ಮಾರುವವನು ಹೇಳಿದ ಅಂದಿರಿ. ಹದಡಿಯಿಂದ ಈಗ ತಾನೇ ಓಡಿಸಿಕೊಂಡು ಬಂದೆ ಅಂದಿರಿ.

ನಾನು ನಾಲ್ಕೂ ಚಕ್ರ ಮುಟ್ಟಿದೆ. ಮೂರು ತಣ್ಣಗಿದ್ದವು.

ಕೀ ಇಲ್ಲಿಡಿ. ಹದಡಿಗೆ ಬಸ್ಸು ಐದೂವರೆಗಿದೆ.